ತಾಮ್ರದ ತಂತಿ ಸುತ್ತಿದ ಕತ್ತಿ

ಹೋದ ವಾರ ಹೋಟೆಲಿನ ಅಟ್ಟ ಖಾಲಿ ಮಾಡಿಸುವಾಗ ಒಂದು ಹೆಡಿಗೆ ಸಿಕ್ಕಿತು. ಇಡ್ಲಿ ಅಕ್ಕಿ ತೊಳೆದು ನೀರು ಬಸಿಯಲು ಹಿಂದೆ ನಾವು ಬಳಸುತ್ತಿದ್ದಂಥ ಬಿದಿರಿನ ದೊಡ್ಡ ಬುಟ್ಟಿ. ಈಗ ಆ ಕೆಲಸಕ್ಕೆಲ್ಲ ಸ್ಟೀಲಿನ ಪಾತ್ರೆ ಬಂದಿದೆ. ಧೂಳು ಹೋಗಲಿ ಎಂದು ಹೆಡಿಗೆಯನ್ನು ನಲ್ಲಿಯ ಕೆಳಗೆ ಹಿಡಿದೆ. ಒದ್ದೆ ಬಿದಿರಿನ ವಾಸನೆ ಎದ್ದು ಬಂತು. ನಲ್ಲಿ ನಿಲ್ಲಿಸುವುದನ್ನೂ ಮರೆತು ನಿಂತುಬಿಟ್ಟೆ.

ಅದೇ ಮಧ್ಯಾಹ್ನ ಐಟಿ ಕಂಪನಿಯ ಇಬ್ಬರು ಹುಡುಗರು ಊಟಕ್ಕೆ ಬಂದಿದ್ದರು. ಬೆಂಗಳೂರು ಕಡೆಯವರು, ನನ್ನನ್ನು ಅಂಕಲ್ ಎನ್ನುತ್ತಾರೆ. ಮೊಬೈಲಿನಲ್ಲಿ ಅಮೆರಿಕದ ಒಂದು ವಿಡಿಯೋ ನೋಡುತ್ತಿದ್ದರು. ಅಲ್ಲಿಯ ಕಪ್ಪು ಜನರಲ್ಲಿ ಒಬ್ಬ, ಮಾಡದ ಅಪರಾಧವನ್ನು ಕೋರ್ಟಿನಲ್ಲಿ ಒಪ್ಪಿಕೊಂಡು ಅರ್ಧ ಆಯುಷ್ಯ ಜೈಲಿನಲ್ಲಿ ಕಳೆದಿದ್ದನಂತೆ. ಆ ದೇಶದ ಜೈಲುಗಳಲ್ಲಿ ಅವರೇ ತುಂಬಿಕೊಂಡಿದ್ದಾರೆ, ಎಂಥ ಅನ್ಯಾಯ ಎಂದು ಇಬ್ಬರಿಗೂ ಸಿಟ್ಟು ಬಂದಿತ್ತು. ಅವರಲ್ಲಿ ಒಬ್ಬ ನನ್ನನ್ನು ಕೇಳಿದ, "ಮಾಡದೇ ಇರೋದನ್ನ ಮಾಡಿದೀನಿ ಅಂತ ಯಾರಾದ್ರೂ ಒಪ್ಕೋತಾರಾ ಅಂಕಲ್?"

ನಾನು ಚಿಲ್ಲರೆ ಹುಡುಕುವವನಂತೆ ಗಲ್ಲಾಪೆಟ್ಟಿಗೆಯೊಳಗೆ ತಲೆ ಹಾಕಿದೆ. ಒಪ್ಪಿಕೊಂಡವನು ಹೆಣೆದ ಹೆಡಿಗೆ ಹಿತ್ತಲಿನಲ್ಲಿ ಒಣಗುತ್ತಿತ್ತು.

ಅವನು ಬುಟ್ಟಿ ಹೆಣೆಯುವವನು. ಪುಣೆಯ ಸದಾಶಿವ ಪೇಠದ ನಮ್ಮ ಹೋಟೆಲಿನ ಮೆಟ್ಟಿಲಿನ ಪಕ್ಕ, ಹಳೇ ವಾಡೆಮನೆಯ ಗೋಡೆಗೆ ಬೆನ್ನು ಕೊಟ್ಟು ಕೂರುತ್ತಿದ್ದ. ಬಿದಿರಿನ ಸೀಳುಗಳನ್ನು ನೆನೆಹಾಕಲು ನಮ್ಮ ನೀರಿನ ಡ್ರಮ್ಮನ್ನೇ ಬಳಸುತ್ತಿದ್ದ, ಹಾಗಾಗಿ ನಮ್ಮ ಹಿತ್ತಲಿಗೆ ಯಾವಾಗಲೂ ಆ ವಾಸನೆ. ಸೊಲ್ಲಾಪುರದ ಆಚೆಯ ಕೈಕಾಡಿ ಜನ. ಮನೆಯಲ್ಲಿ ಅವರದೇ ಒಂದು ಮಾತು, ಬೀದಿಯಲ್ಲಿ ಮರಾಠಿ, ನನ್ನ ಹತ್ತಿರ ಮಾತ್ರ ಕನ್ನಡ. ನನ್ನ ಕುಂದಾಪುರದ ಕನ್ನಡ ಕೇಳಿ ಅವನಿಗೆ ನಗು, ಅವನ 'ರೀ' ಕೇಳಿ ನನಗೆ ನಗು. ಚಹಾ ಕೊಟ್ಟರೆ ಒಳಗೆ ಬರುತ್ತಿರಲಿಲ್ಲ, ಮೆಟ್ಟಿಲ ಮೇಲೆ ನಿಂತೇ ಕುಡಿಯುತ್ತಿದ್ದ. ಬಾ ಎಂದು ನಾನೂ ಒತ್ತಾಯ ಮಾಡಿದವನಲ್ಲ... ಅದನ್ನೂ ಹೇಳಿಬಿಡಬೇಕು.

ಅವರ ಜನವನ್ನು ಇಂಗ್ಲಿಷರು ಹುಟ್ಟಿನಿಂದಲೇ ಅಪರಾಧಿಗಳು ಎಂದು ಕಾಯಿದೆ ಮಾಡಿ ಬರೆದಿಟ್ಟಿದ್ದರು. ದೇಶ ಸ್ವತಂತ್ರವಾದ ಮೇಲೆ ಆ ಕಾಯಿದೆ ಹೋಯಿತು, ಬರೆದದ್ದು ಅಳಿಯಲಿಲ್ಲ. ಓಣಿಯಲ್ಲಿ ಸೈಕಲ್ ಕಳೆದರೂ ಮೊದಲು ಅವನ ಗೋಣಿಚೀಲ ಕೊಡವುತ್ತಿದ್ದರು. ನಮ್ಮ ಹೋಟೆಲಿನಲ್ಲಿ ಗಿರಾಕಿಯೊಬ್ಬರ ಮೊಬೈಲ್ ಕಾಣೆಯಾದಾಗ ನನ್ನ ಕಣ್ಣೂ ಮೊದಲು ಮೆಟ್ಟಿಲ ಕಡೆಗೇ ಹೋಗಿತ್ತು. ಮೊಬೈಲ್ ಅವರ ಕುರ್ಚಿಯ ಕೆಳಗೆ ಸಿಕ್ಕಿತು. ನಾನು ನೋಡಿದ್ದನ್ನು ಅವನು ನೋಡಿದ್ದ. ಕೈಯಲ್ಲಿದ್ದ ಬುಟ್ಟಿಯನ್ನು ತಿರುಗಿಸಿಕೊಂಡು ಹೆಣೆಯುತ್ತ ಕೂತ.

ಒಂದು ದಿನ ಅವನ ಕೊಯ್ತಾ ತುಂಡಾಯಿತು. ಬಿದಿರು ಸೀಳುವ ಬಾಗಿದ ಕತ್ತಿಗೆ ಪುಣೆಯಲ್ಲಿ ಕೊಯ್ತಾ ಎನ್ನುತ್ತಾರೆ. ಅಡುಗೆಮನೆಯಲ್ಲಿ ತೆಂಗಿನಕಾಯಿ ಕೆತ್ತುವ ನಮ್ಮ ಹಳೇ ಕತ್ತಿಯೊಂದು ಸುಮ್ಮನೆ ಬಿದ್ದಿತ್ತು. ಊರಿನಿಂದ ಅಪ್ಪಯ್ಯ ತಂದದ್ದು. ಹಿಡಿ ಬಿರುಕು ಬಿಟ್ಟಾಗ ಅವರೇ ಕೂತು ತಾಮ್ರದ ತಂತಿ ಸುತ್ತಿದ್ದರು. ಬೇರೆಯದು ಸಿಗುವ ತನಕ ಇಟ್ಟುಕೋ ಎಂದು ಕೊಟ್ಟೆ. ಬದಲಿಗೆ ಒಂದು ಒಳ್ಳೇ ಹೆಡಿಗೆ ಹೆಣೆದು ಕೊಡುತ್ತೇನೆ ಎಂದ.

ಆ ಮಳೆಗಾಲದಲ್ಲಿ ಪುಣೆಯಲ್ಲಿ ಕೊಯ್ತಾದ ಗಲಾಟೆ ಎದ್ದಿತು. ಎಲ್ಲೋ ನಾಲ್ಕು ಪುಂಡರು ಕೊಯ್ತಾ ಬೀಸಿ ಗಾಡಿಗಳ ಗಾಜು ಒಡೆದರು, ಪೇಪರಿನಲ್ಲಿ ದಿನವೂ ಅದೇ ಸುದ್ದಿ, ಪೊಲೀಸರ ಮೇಲೆ ಒತ್ತಡ. ಒಂದು ಬೆಳಿಗ್ಗೆ ಮೆಟ್ಟಿಲ ಪಕ್ಕ ಅರ್ಧ ಹೆಣೆದ ಬುಟ್ಟಿ ಇತ್ತು, ಅವನಿರಲಿಲ್ಲ.

ಮಧ್ಯಾಹ್ನದ ಊಟದ ಗಡಿಬಿಡಿಯಲ್ಲಿ ನಮ್ಮ ಪರಿಚಯದ ಹವಾಲ್ದಾರ ಬಂದ. ಪೊಲೀಸರು ಏನನ್ನಾದರೂ ವಶಪಡಿಸಿಕೊಂಡರೆ ಅದನ್ನು ಕಣ್ಣಾರೆ ಕಂಡೆವು ಎಂದು ಇಬ್ಬರು ಮರ್ಯಾದಸ್ಥರು ಸಹಿ ಮಾಡಬೇಕು. ಅವರನ್ನು ಪಂಚರು ಎನ್ನುತ್ತಾರೆ. ಕಾಣುವುದೇನು ಬಂತು, ಹೋಟೆಲಿನವರು, ಅಂಗಡಿಯವರು ಗಲ್ಲಾದಲ್ಲಿ ಕೂತಲ್ಲೇ ಸಹಿ ಹಾಕಿ ಕಳಿಸುವುದು ನಮ್ಮ ಪೇಟೆಯ ರೂಢಿ. ನಾವು ಫುಟ್‌ಪಾತಿನ ಮೇಲೆ ಎರಡು ಟೇಬಲ್ ಹೆಚ್ಚಿಗೆ ಹಾಕುತ್ತೇವೆ, ಅವರು ಕಂಡೂ ಕಾಣದಂತೆ ಹೋಗುತ್ತಾರೆ. ಕಾಗದದ ಮೇಲ್ಗಡೆ ಎರಡು ಸಾಲು, ಉಳಿದದ್ದು ಖಾಲಿ. "ಅಣ್ಣಾ, ಫಕ್ತ ಏಕ ಸಹೀ," ಎಂದ, ಒಂದೇ ಒಂದು ಸಹಿಯಂತೆ.

ಅವನ ಪಕ್ಕದಲ್ಲಿ ಪೇಪರಿನಲ್ಲಿ ಸುತ್ತಿದ ಏನೋ ಇತ್ತು. ಚಹಾದ ಲೋಟಕ್ಕೆ ಜಾಗ ಮಾಡಲು ಅದನ್ನು ಸರಿಸಿದಾಗ ಪೇಪರು ಜಾರಿತು, ತಾಮ್ರದ ತಂತಿ ಕಾಣಿಸಿತು.

ನನಗೆ ಗೊತ್ತಾಗಲಿಲ್ಲ ಎಂದು ಹೇಳುವ ಹಾಗಿಲ್ಲ. ಅಪ್ಪಯ್ಯ ಸುತ್ತಿದ ತಂತಿ ನನಗಲ್ಲದೆ ಇನ್ಯಾರಿಗೆ ಗೊತ್ತಾಗಬೇಕು? ಇದು ನನ್ನ ಕತ್ತಿ, ನಾನೇ ಕೊಟ್ಟದ್ದು ಎಂದರೆ ಮುಗಿದಿತ್ತು. ಹೇಳಲು ಹೊರಟೆ. ಆಗಲೇ ಟೇಬಲಿನಿಂದ ಯಾರೋ ಬಿಲ್ಲು ಕೇಳಿದರು... ಬುಟ್ಟಿಯವನನ್ನು ಎರಡು ದಿನ ಠಾಣೆಯಲ್ಲಿ ಕೂರಿಸಿ ಬಿಟ್ಟುಬಿಡುತ್ತಾರೆ ಎಂದುಕೊಂಡು ಸಹಿ ಮಾಡಿದೆ. ನನ್ನ ಅಕ್ಷರ ದುಂಡಗೆ, ಶಾಲೆಯಲ್ಲಿ ಬಹುಮಾನ ಬಂದದ್ದು. ಅವತ್ತೂ ದುಂಡಗೇ ಬಂತು.

ಆಮೇಲೆ ತಿಳಿಯಿತು, ದರೋಡೆಗೆ ಹೊಂಚು ಹಾಕಿದ ಕೇಸು. ಅವನಿಗೆ ಗುರುತೇ ಇಲ್ಲದ ಇನ್ನೂ ನಾಲ್ವರನ್ನು ಸೇರಿಸಿದ್ದರು. ವಶಪಡಿಸಿಕೊಂಡದ್ದು ಒಂದು ಕೊಯ್ತಾ, ಹಗ್ಗ, ಮೆಣಸಿನಪುಡಿಯ ಪೊಟ್ಟಣ. ಹಗ್ಗ ಅವನದು, ಕತ್ತಿ ನನ್ನದು, ಮೆಣಸಿನಪುಡಿ ಯಾರದೋ.

ತಿಂಗಳೊಳಗೆ ಅವನ ಹೆಂಡತಿ ಬಂದಳು. ಜಾಮೀನು ಕೊಡಲು ಕೋರ್ಟು ಒಪ್ಪಿತ್ತು, ಆದರೆ ಕಾಯಂ ವಿಳಾಸ, ಮನೆಯ ಕಾಗದ ಇರುವವರು ಒಬ್ಬರು ನಿಲ್ಲಬೇಕಿತ್ತು. ಅವರ ಬಳಗದಲ್ಲಿ ಅಂಥವರು ಒಬ್ಬರೂ ಇರಲಿಲ್ಲ. "ಅಣ್ಣಾರ, ನಿಮ್ಮ ಕಾಗದ ಒಂದ ತೋರಿಸಿದ್ರ ಬಿಡ್ತಾರಂತರೀ," ಎಂದಳು. ಹೋಟೆಲಿನ ಜಾಗ ಬಾಡಿಗೆಯದು, ಮನೆಯ ಕಾಗದ ಊರಿನಲ್ಲಿ ತಮ್ಮನ ಹತ್ತಿರ ಇದೆ ಎಂದೆ. ಎರಡೂ ನಿಜ. ತರಿಸಿಕೊಳ್ಳಬಹುದಿತ್ತು ಎನ್ನುವುದೂ ಅಷ್ಟೇ ನಿಜ. ಸಹಿ ಮಾಡಿದವನೇ ಜಾಮೀನಿಗೂ ನಿಂತರೆ ಪೊಲೀಸರು ಏನೆಂದುಕೊಂಡಾರು ಎಂಬ ಹೆದರಿಕೆ ನನಗೆ.

ಅವಳು ಹೋದ ಮೇಲೆ ನನ್ನ ಹೆಂಡತಿ ಒಂದೇ ಮಾತು ಕೇಳಿದಳು. "ಆ ಕತ್ತಿ ನೀವ್ ಕೊಟ್ಟದ್ದಲ್ದಾ?" ನಾನು ಅವಳ ಮೇಲೆಯೇ ರೇಗಿದೆ.

ಸಾಕ್ಷಿ ಹೇಳಲು ಒಂದಲ್ಲ ಒಂದು ದಿನ ಕೋರ್ಟು ನನ್ನನ್ನು ಕರೆಯುತ್ತದೆ, ಆಗ ಎಲ್ಲ ಹೇಳಿಬಿಡುತ್ತೇನೆ ಎಂದು ಸಮಾಧಾನ ಮಾಡಿಕೊಂಡೆ. ಹೇಳಬೇಕಾದ್ದನ್ನು ಮರಾಠಿಯಲ್ಲಿ ಬಾಯಿಪಾಠವನ್ನೂ ಮಾಡಿದೆ. ಮಾರ್ಕೆಟ್ ಯಾರ್ಡಿಗೆ ತರಕಾರಿ ತರಲು ಹೋಗುವಾಗ ರಿಕ್ಷಾದಲ್ಲಿ ಕೂತು ಒಳಗೊಳಗೇ ಹೇಳಿಕೊಳ್ಳುತ್ತಿದ್ದೆ. ಒಂದು ವರ್ಷ ಹೋಯಿತು, ಎರಡು ಹೋಯಿತು. ಕರೆ ಬರಲಿಲ್ಲ. ಬಾರದಿದ್ದಷ್ಟೂ ಒಳಗೆ ಹಾಯೆನಿಸುತ್ತಿತ್ತು, ಹಾಯೆನಿಸಿದ್ದಕ್ಕೆ ನಾಚಿಕೆಯೂ ಆಗುತ್ತಿತ್ತು.

ಎರಡೂವರೆ ವರ್ಷದ ಹೊತ್ತಿಗೆ ಒಂದು ಬೆಳಿಗ್ಗೆ ಅವನೇ ಮೆಟ್ಟಿಲ ಬಳಿ ನಿಂತಿದ್ದ. ಕೂದಲು ಬೆಳ್ಳಗಾಗಿತ್ತು, ಒಣಕೆಮ್ಮು ಹತ್ತಿಕೊಂಡಿತ್ತು. ಕೈಯಲ್ಲಿ ಹೊಸ ಹೆಡಿಗೆ. ಕೇಸು ಏನಾಯಿತು ಎಂದು ಕೇಳಿದೆ.

"ಖರೇ ಹೇಳಿದ್ರ ಇನ್ನೂ ವರ್ಷಾನಗಟ್ಟಲೆ ಅಂದ್ರರೀ ವಕೀಲರು. ಮಾಡೇನಿ ಅಂದ್ರ ಇವತ್ತ ಮನಿ ಅಂದ್ರು. ಮಾಡೇನಿ ಅಂದೆ."

ಒಳಗೆ ಕಳೆದ ದಿನಗಳನ್ನೇ ಶಿಕ್ಷೆ ಎಂದು ಹಿಡಿದು ಬಿಟ್ಟಿದ್ದರು. ಅವನು ಒಪ್ಪಿಕೊಂಡದ್ದರಿಂದ ಸಾಕ್ಷಿ ಬೇಕಾಗಲಿಲ್ಲ, ನನ್ನ ಬಾಯಿಪಾಠ ನನ್ನಲ್ಲೇ ಉಳಿಯಿತು. ಕೋರ್ಟಿನಲ್ಲಿ ಕಾಗದ ಓದಿ ಹೇಳುವಾಗ ಪಂಚರ ಹೆಸರನ್ನೂ ಓದಿರುತ್ತಾರೆ. ಸಹಿ ಮಾಡಿದವನು ನಾನೆಂದು ಅವನಿಗೆ ಗೊತ್ತಿತ್ತು. ಕ್ಷಮಿಸು ಎನ್ನಬೇಕು ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಅವನೇ ಮಾತಾಡಿದ.

"ಕೊಯ್ತಾ ಮಾತ್ರ ಅವ್ರು ಹೊಳ್ಳಿ ಕೊಡಲಿಲ್ಲರೀ ಮಾಲಕರ. ನಿಮ್ಮ ಅಪ್ಪಾರದು ಇತ್ತು. ತಪ್ಪಾತರೀ."

ಅವನ ಬಾಯಿಂದ ತಪ್ಪಾಯಿತು ಎಂಬ ಮಾತು ಬಂತು, ನಾನು ಬರೀ ಚಹಾಕ್ಕೆ ಕರೆದೆ. ಒಳಗೆ ಬಾ, ಕೂತು ಚಹಾ ಕುಡಿ ಎಂದೆ. ಅವನು ಎಂದಿನ ಹಾಗೆ ಮೆಟ್ಟಿಲ ಮೇಲೆ ನಿಂತೇ ಕುಡಿದು ಹೋದ.

ಮತ್ತೆ ನಮ್ಮಲ್ಲಿ ಕೂರಲಿಲ್ಲ. ಮೊದಲು ಬರೀ ಅನುಮಾನವಿತ್ತು, ಈಗ ಅವನೇ ಒಪ್ಪಿಕೊಂಡ ಅಪರಾಧ ದಾಖಲೆಯಲ್ಲಿತ್ತು. ಎಲ್ಲಿ ಏನಾದರೂ ಅವನನ್ನೇ ಎತ್ತಿಕೊಂಡು ಹೋಗುತ್ತಿದ್ದರಂತೆ. ಕೆಲವು ವರ್ಷಗಳ ನಂತರ ಮಾರ್ಕೆಟ್ ಯಾರ್ಡಿನ ಹೊರಗೆ ಬುಟ್ಟಿ ಹೆಣೆಯುತ್ತಿದ್ದ ಒಬ್ಬ ಮುದುಕಿಯನ್ನು ವಿಚಾರಿಸಿದೆ. ಮೂರನೆಯ ಸಲ ಒಳಗೆ ಹೋದವನು ಹೊರಗೆ ಬರಲಿಲ್ಲ, ಕೆಮ್ಮು ಹೆಚ್ಚಾಗಿತ್ತು ಎಂದಳು. ಅವನ ಹೆಂಡತಿ ಎಲ್ಲಿದ್ದಾಳೆ ಎಂದು ಅವಳಿಗೆ ಗೊತ್ತಿರಲಿಲ್ಲ... ಆ ಹೊತ್ತಿಗೆ ನಾನೂ ಅವನು ಕೊಟ್ಟ ಹೆಡಿಗೆಯನ್ನು ಕಣ್ಣಿಗೆ ಬೀಳದ ಹಾಗೆ ಅಟ್ಟಕ್ಕೆ ಹಾಕಿಸಿದ್ದೆ. ಒಂದು ಸಲವೂ ಅದರಲ್ಲಿ ಅಕ್ಕಿ ತೊಳೆಯಲಿಲ್ಲ.

ಈಗ ಅದನ್ನು ಗಲ್ಲಾದ ಮೇಲಿನ ಗೋಡೆಗೆ ತೂಗುಹಾಕಿದ್ದೇನೆ. ಎಷ್ಟು ಚೆನ್ನಾಗಿದೆ, ಎಲ್ಲಿ ಸಿಗುತ್ತದೆ ಎಂದು ಗಿರಾಕಿಗಳು ಕೇಳುತ್ತಾರೆ. ಹೆಣೆಯುವವನು ಇಲ್ಲ ಎನ್ನುತ್ತೇನೆ. ಯಾಕೆ ಇಲ್ಲ ಎಂದು ಅವರು ಕೇಳುವುದಿಲ್ಲ, ನಾನೂ ಹೇಳುವುದಿಲ್ಲ.

ಮೊನ್ನೆ ಹೊಸ ಹವಾಲ್ದಾರನೊಬ್ಬ ಬಂದ, ಅದೇ ರೀತಿಯ ಕಾಗದ, ಅರ್ಧ ಖಾಲಿ. ಪೂರ್ತಿ ಬರೆದು ತನ್ನಿ, ಓದಿ, ಕಣ್ಣಾರೆ ಕಂಡು ಆಮೇಲೆ ಸಹಿ ಮಾಡುತ್ತೇನೆ ಎಂದೆ. ಅವನು ಬೇಸರವನ್ನೂ ಮಾಡಿಕೊಳ್ಳಲಿಲ್ಲ. ಚಹಾ ಮುಗಿಸಿ ಪಕ್ಕದ ಝೆರಾಕ್ಸ್ ಅಂಗಡಿಗೆ ಹೋದ, ಅಲ್ಲಿ ಸಹಿ ಹಾಕಿಸಿಕೊಂಡು ಬೈಕ್ ಹತ್ತಿದ. ಈ ಸಲ ನಾನು ಸಹಿ ಮಾಡಲಿಲ್ಲ ಎಂದು ಹೆಂಡತಿಗೆ ಹೇಳೋಣ ಎಂದು ಹುರುಪಿನಿಂದಲೇ ಎದ್ದೆ.

ಅವಳು ಕೇಳಿಸಿಕೊಂಡು, ಕಾಗದ ಯಾರ ಮೇಲಿನ ಕೇಸಿನದು ಎಂದಳು. ನಾನು ಅದನ್ನು ಕೇಳಿರಲಿಲ್ಲ.