ಹುಷಾರಪ್ಪ ಕೇಳಿಸಿಕೊಂಡ ಅರ್ಧ ಮಾತು

ಅವರಿಗೆ ಹುಷಾರಪ್ಪ ಎಂದು ಹೆಸರಿಟ್ಟವರು ಯಾರೋ ನನಗೆ ಗೊತ್ತಿಲ್ಲ. ಈ ಡಬ್ಬಿ ಕಾರ್ಖಾನೆಯ ಪ್ರಥಮ ಚಿಕಿತ್ಸೆಯ ಕೋಣೆಗೆ ನಾನು ನರ್ಸಾಗಿ ಬರುವ ಹೊತ್ತಿಗೆ ಅವರ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ತಲೆಗೆ ಕೆಂಪು ಹೆಲ್ಮೆಟ್ಟು, ಜೇಬಿನಲ್ಲಿ ಸೀಟಿ, ಬಾಯಲ್ಲಿ ಒಂದೇ ಮಾತು. ಗೇಟಿನಲ್ಲಿ ಸೈಕಲ್ ಇಳಿಯುವವನಿಗೂ ಹುಷಾರು, ಮೆಟ್ಟಿಲು ಹತ್ತುವ ಮ್ಯಾನೇಜರಿಗೂ ಹುಷಾರು, ಬಿಸಿ ಟೀ ಲೋಟಕ್ಕೆ ಕೈ ಚಾಚಿದ ನನಗೂ ಹುಷಾರು. ಬಾಗಿಲ ಮೇಲೆ ಸೇಫ್ಟಿ ಸೂಪರ್‌ವೈಸರ್ ಎಂದು ಬರೆದಿತ್ತು. ಅವರ ಕೋಣೆಗೂ ನನ್ನ ಕೋಣೆಗೂ ನಡುವೆ ಇದ್ದದ್ದು ಒಂದು ಪ್ಲೈವುಡ್ ಗೋಡೆ. ಆ ಗೋಡೆಯ ಎರಡು ಬದಿಗೆ ಕೂತು ನಾವು ಎಂಟು ವರ್ಷ ಜಗಳವಾಡಿದೆವು.

ಮೊದಲು ಅವರ ಪರವಾಗಿ ಹೇಳಬೇಕಾದ್ದನ್ನು ಹೇಳಿಬಿಡುತ್ತೇನೆ. ಸೂಪರ್‌ವೈಸರ್ ಆಗುವ ಮೊದಲು ಹುಷಾರಪ್ಪ ಹತ್ತೊಂಬತ್ತು ವರ್ಷ ತಗಡಿನಿಂದ ಡಬ್ಬಿಯ ಮುಚ್ಚಳ ಒತ್ತುವ ಪ್ರೆಸ್ಸಿನ ಮುಂದೆ ನಿಂತವರು. ತಗಡು ಒಳಗಿಡು, ಕಾಲಲ್ಲಿ ಪೆಡಲ್ ಒತ್ತು, ಮುಚ್ಚಳ ತೆಗಿ, ಮತ್ತೆ ತಗಡು ಇಡು. ಕೈ ಇನ್ನೂ ಒಳಗಿರುವಾಗಲೇ ಕಾಲು ಪೆಡಲ್ ಮೇಲೆ ಬೀಳುವುದಿತ್ತು. ಪಕ್ಕದ ಪ್ರೆಸ್ಸಿನ ಗೆಳೆಯನಿಗೆ ಹಾಗೇ ಆಯಿತು. ಮುಚ್ಚಳಗಳ ನಡುವೆ ಬಿದ್ದಿದ್ದ ಅವನ ನಾಲ್ಕು ಬೆರಳನ್ನು ಆರಿಸಿ, ಕರವಸ್ತ್ರದಲ್ಲಿ ಕಟ್ಟಿಕೊಂಡು ಆಸ್ಪತ್ರೆಗೆ ಓಡಿದವರು ಇವರೇ. ಅಂದಿನಿಂದ ಈ ಮನುಷ್ಯನಿಗೆ ಬೆರಳಿನ ಹುಚ್ಚು ಹಿಡಿಯಿತು. ಪೆಡಲ್ ಕೀಳಿಸಿ ಗುಂಡಿ ಹಾಕಿಸಬೇಕೆಂದು ಮ್ಯಾನೇಜರ ಕೋಣೆಯ ಮೆಟ್ಟಿಲ ಮೇಲೆ ಮೂರು ದಿನ ಕೂತರಂತೆ. ಈಗ ಎರಡು ಕೈಯಿಂದ ಎರಡು ಗುಂಡಿ ಒತ್ತಿ ಹಿಡಿದರಷ್ಟೇ ಪ್ರೆಸ್ ಇಳಿಯುತ್ತದೆ, ಒಂದು ಕೈ ಬಿಟ್ಟರೂ ನಿಂತುಬಿಡುತ್ತದೆ. ಆಮೇಲೆ ನಮ್ಮಲ್ಲಿ ಒಂದು ಬೆರಳೂ ಹೋಗಿಲ್ಲ.

ಅದೇ ಹುಚ್ಚಿನಲ್ಲಿ ಅವರು ಒಂದು ಪದ್ಧತಿಯನ್ನೂ ತಂದರು. ಬೆಳಿಗ್ಗೆ ಏಳಕ್ಕೆ ಹದಿನಾಲ್ಕು ಪ್ರೆಸ್ಸಿನ ಹದಿನಾಲ್ಕು ಜನ ನೆಲದ ಹಳದಿ ಗೆರೆಯ ಮೇಲೆ ಸಾಲಾಗಿ ನಿಲ್ಲಬೇಕು. ಹುಷಾರಪ್ಪ ಒಬ್ಬೊಬ್ಬರ ಮುಂದೆ ಬಂದು "ಹುಷಾರಾ?" ಎಂದು ಕೇಳುತ್ತಾರೆ. ಎದುರಿನವರು ಹತ್ತೂ ಬೆರಳು ಬಿಡಿಸಿ ಎತ್ತಿ "ಹುಷಾರು!" ಎನ್ನಬೇಕು. "ಭೇಷ್, ಶುರು ಮಾಡು" ಎಂದು ಅವರು ಮುಂದಿನವರ ಬಳಿಗೆ. ಶಾಲೆಯ ಮಕ್ಕಳ ಹಾಗೆ ಕೈ ಎತ್ತುವ ದೊಡ್ಡವರನ್ನು ನೋಡಿ ಮೊದಲ ದಿನ ನಾನು ನಕ್ಕಿದ್ದೆ.

ಆಮೇಲೆ ನಗು ಹೋಗಿ ಸಿಟ್ಟು ಬಂತು. ನಮ್ಮ ಮಾತಿನಲ್ಲಿ ಎಚ್ಚರವಾಗಿರುವುದೂ ಹುಷಾರೇ, ಮೈ ಚೆನ್ನಾಗಿರುವುದೂ ಹುಷಾರೇ. ಹುಷಾರಪ್ಪನವರಿಗೆ ಬೇಕಾದದ್ದು ಮೊದಲನೆಯದು ಮಾತ್ರ. ನನ್ನ ಬಾಗಿಲಿಗೆ ಬರುತ್ತಿದ್ದವರೆಲ್ಲ ಎರಡನೆಯದಕ್ಕೆ ಸೇರಿದವರು: ಎಂಟು ಗಂಟೆ ನಿಂತು ಕಾಲು ಊದಿದವರು, ಬೆನ್ನು ಹಿಡಿದವರು, ನೀರಿನ ಡ್ರಮ್ಮು ದೂರವೆಂದು ನೀರೇ ಕುಡಿಯದೆ ಉರಿಮೂತ್ರ ತಂದುಕೊಂಡವರು.

"ಅಣ್ಣ, ಒಂದೊಂದು ಸ್ಟೂಲು ಹಾಕಿಸಿ, ಕುಡಿಯೋ ನೀರು ಹತ್ತಿರ ತರಿಸಿ" ಎಂದರೆ ಅವರದು ಒಂದೇ ಉತ್ತರ. "ಸಿಸ್ಟರ್, ಬೆನ್ನುನೋವು ಮಲಗಿ ಎದ್ರೆ ಹೋಗುತ್ತೆ. ಬೆರಳು ಹೋದ್ರೆ ವಾಪಸ್ ಬರುತ್ತಾ?"

"ಬೆರಳಿನ ಹಿಂದೆ ಒಬ್ಬ ಮನುಷ್ಯ ಇರ್ತಾನಲ್ಲ, ಅವನನ್ನೂ ಸ್ವಲ್ಪ ನೋಡಿ."

"ಅವನನ್ನ ನೋಡೋಕೆ ನೀವಿದೀರಲ್ಲ!" ಎಂದು ನಕ್ಕು ಹೋಗಿಬಿಡುತ್ತಿದ್ದರು. ಮೈಯೆಲ್ಲ ಉರಿದುಹೋಗುತ್ತಿತ್ತು ನನಗೆ.

ಈ ಜಗಳಗಳಲ್ಲೇ ನನಗೊಂದು ಸಂಶಯ ಹುಟ್ಟಿತು. ನಾನು ಎದುರಿಗೆ ನಿಂತು ಬೈದರೆ ಉತ್ತರ ಬರುತ್ತಿತ್ತು. ಗೋಡೆಯ ಈಚೆಯಿಂದ ಬೈದರೆ ಏನೂ ಬರುತ್ತಿರಲಿಲ್ಲ. ಒಂದು ದಿನ ಅವರ ಹೆಂಡತಿ, ಗಂಡ ಮರೆತುಬಂದ ಕನ್ನಡಕ ಕೊಡಲು ಬಂದವರು ನನ್ನ ಬಳಿ ಕೂತರು. "ನಮ್ಮನೆಯವರು ಇಲ್ಲೂ ಹೀಗೇನಾ ಸಿಸ್ಟರ್? ಉಪ್ಪು ತನ್ನಿ ಅಂದ್ರೆ ಸೊಪ್ಪು ತರ್ತಾರೆ. ಯಾಕೆ ಅಂದ್ರೆ, ನೀನು ಸರಿಯಾಗಿ ಹೇಳಲಿಲ್ಲ ಅಂತ ನನ್ನ ಮೇಲೇ ರೇಗ್ತಾರೆ" ಎಂದು ನಕ್ಕರು. ನನಗೆ ನಗು ಬರಲಿಲ್ಲ. ಇಯರ್‌ಪ್ಲಗ್ ಎಂಬುದು ನಮ್ಮ ಕಾರ್ಖಾನೆಗೆ ಬಂದದ್ದೇ ಮೊನ್ನೆ ಮೊನ್ನೆ. ಹತ್ತೊಂಬತ್ತು ವರ್ಷ ಬರಿಗಿವಿಯಲ್ಲಿ ಪ್ರೆಸ್ಸಿನ ಸದ್ದು ತಿಂದವರು ಅವರು. ವರ್ಷಕ್ಕೊಮ್ಮೆ ಕಿವಿ ಪರೀಕ್ಷೆಯ ವ್ಯಾನ್ ಬಂದ ದಿನವೇ ಅವರು ತಪ್ಪದೆ ರಜೆ ಹಾಕುತ್ತಿದ್ದುದು ಆಗ ನನ್ನ ನೆನಪಿಗೆ ಬಂತು.

ನಿಮಗೆ ಕಿವಿ ಸರಿಯಾಗಿ ಕೇಳಿಸುತ್ತಾ ಎಂದು ಅವರನ್ನು ಕೇಳಿಯೇಬಿಟ್ಟೆ. ಅವರು ಬಾಗಿಲು ಮುಚ್ಚಿ ಬಂದು ಕೂತರು. "ಸಿಸ್ಟರ್, ಕಿವಿ ಪರೀಕ್ಷೇಲಿ ಫೇಲಾದ್ರೆ ಈ ಕೆಲಸದಲ್ಲಿ ಇಟ್ಕೊಳ್ಳಲ್ಲ. ಇನ್ನು ಹನ್ನೊಂದು ತಿಂಗಳು, ಕೆಂಪು ಟೋಪಿಲೇ ರಿಟೈರ್ ಆಗ್ತೀನಿ. ಬಾಯಿ ನೋಡಿದ್ರೆ ನಂಗೆಲ್ಲ ಗೊತ್ತಾಗುತ್ತೆ. ಯಾರಿಗೆ ಏನು ತೊಂದರೆ?"

ನಾನು ಬಾಯಿ ಮುಚ್ಚಿಕೊಂಡೆ. ಊರಿಗೆಲ್ಲ ಆರೋಗ್ಯದ ಪಾಠ ಹೇಳುವ ನಾನು ಪಾಪದ ಮುಖ ನೋಡಿ ಕರಗಿಹೋದೆ. ಈಗಲೂ ಅದನ್ನು ನೆನೆದರೆ ನನ್ನ ಮೇಲೆ ನನಗೇ ಕೋಪ ಬರುತ್ತದೆ.

ತೊಂದರೆಯಾದದ್ದು ಐದಕ್ಕನಿಗೆ. ಐದನೇ ನಂಬರಿನ ಪ್ರೆಸ್ ನಡೆಸುವುದರಿಂದ ಎಲ್ಲರಿಗೂ ಅವಳು ಐದಕ್ಕ. ಹಾಸಿಗೆ ಹಿಡಿದ ಅತ್ತೆ, ವಾರಕ್ಕೊಮ್ಮೆ ಮನೆ ಕಾಣುವ ಲಾರಿ ಡ್ರೈವರ್ ಗಂಡ, ಓದುವ ಇಬ್ಬರು ಹೆಣ್ಣುಮಕ್ಕಳು. ಆ ವರ್ಷದ ರಜೆಯನ್ನೆಲ್ಲ ಅತ್ತೆಗೇ ಖರ್ಚು ಮಾಡಿ ಮುಗಿಸಿದ್ದಳು. ಅಂದು ಬೆಳಿಗ್ಗೆ ಕೆಂಡದಂಥ ಜ್ವರ ಹೊತ್ತುಕೊಂಡು ಹಳದಿ ಗೆರೆಯ ಮೇಲೆ ನಿಂತಳು. ಹುಷಾರಪ್ಪ ಬಂದು ಕೇಳಿದರು. ಅವಳು ಹೇಳಿದಳು. ಅವರು "ಭೇಷ್, ಶುರು ಮಾಡು" ಎಂದರು. ಹತ್ತೂವರೆಗೆ ಅವಳು ಕಣ್ಣುಕತ್ತಲೆ ಬಂದು ಮುಂದಕ್ಕೆ ಬಿದ್ದಳು.

ಗುಂಡಿಯಿಂದ ಕೈ ಜಾರಿದ್ದೇ ಪ್ರೆಸ್ ಅರ್ಧದಲ್ಲಿ ನಿಂತಿತು. ಹುಷಾರಪ್ಪ ಮೂರು ದಿನ ಮೆಟ್ಟಿಲ ಮೇಲೆ ಕೂತದ್ದು ಅವಳ ಕೈ ಉಳಿಸಿತು. ಆದರೆ ಹಣೆ ಮುಚ್ಚಳದ ಪೆಟ್ಟಿಗೆಯ ಅಂಚಿಗೆ ಬಡಿದು ಬಿರಿದಿತ್ತು. ನಾನು ರಕ್ತ ನಿಲ್ಲಿಸಿ ಆಸ್ಪತ್ರೆಗೆ ಕರೆದೊಯ್ದೆ. ಆರು ಹೊಲಿಗೆ ಹಾಕಿದರು. ಮಧ್ಯಾಹ್ನ ವಾಪಸ್ ಕರೆತಂದು ನನ್ನ ಕೋಣೆಯ ಮಂಚದ ಮೇಲೆ ಮಲಗಿಸಿದೆ. ಹಿಂದೆಯೇ ಮ್ಯಾನೇಜರ್ ಬಂದರು, ಅವರ ಹಿಂದೆ ಹುಷಾರಪ್ಪ.

ನಮ್ಮಲ್ಲಿ ಒಂದು ನಿಯಮವಿದೆ. ಹುಷಾರಿಲ್ಲದಿದ್ದರೆ ಪಾಳಿಗೆ ಮುಂಚೆ ಹೇಳಬೇಕು. ಮುಚ್ಚಿಟ್ಟು ಯಂತ್ರಕ್ಕೆ ನಿಂತವರನ್ನು ಕೆಲಸದಿಂದ ತೆಗೆಯುತ್ತಾರೆ. ಅದನ್ನು ಬರೆಸಿದವರೂ ಹುಷಾರಪ್ಪನವರೇ.

"ಬೆಳಿಗ್ಗೆ ಈಕೆ ಹುಷಾರು ಅಂದಳಾ?" ಮ್ಯಾನೇಜರ್ ಹುಷಾರಪ್ಪನವರ ಕಡೆ ತಿರುಗಿ ಕೇಳಿದರು.

"ಅಂದ್ಲು ಸಾರ್. ಹತ್ತು ಬೆರಳು ಎತ್ತಿ ಅಂದ್ಲು, ನನ್ನ ಎದುರಿಗೇ."

ಐದಕ್ಕ ಮಂಚದಿಂದ ತಲೆ ಎತ್ತಿದಳು. "ಅಣ್ಣಾ, ನಾನು ಹುಷಾರಿಲ್ಲ ಅಂದೆ. ಕೈ ಅಭ್ಯಾಸಕ್ಕೆ ಎದ್ದುಬಿಡ್ತು. ಆದ್ರೆ ಬಾಯಲ್ಲಿ ಹುಷಾರಿಲ್ಲ ಅಂತಲೇ ಅಂದೆ. ಅದಕ್ಕೂ ನೀವು ಭೇಷ್ ಅಂದ್ರಿ. ಹುಷಾರಿಲ್ದಿದ್ರೂ ಮಾಡ್ಲೇಬೇಕೇನೋ ಅಂದ್ಕೊಂಡೆ."

"ಯಾಕಮ್ಮ ಸುಳ್ಳು ಹೇಳ್ತೀಯ? ನಾನು ಯಾವತ್ತಾದ್ರೂ ಯಾರ ಅನ್ನಕ್ಕಾದ್ರೂ ಕಲ್ಲು ಹಾಕಿದೀನಾ?" ಹುಷಾರಪ್ಪ ಮಂಚದ ಬಳಿ ಬಂದು ಕೇಳಿದರು. ಅವರು ಸುಳ್ಳು ಹೇಳುತ್ತಿರಲಿಲ್ಲ. ಅವರಿಗೆ ಕೇಳಿಸಿದ್ದನ್ನು ಅವರು ಹೇಳುತ್ತಿದ್ದರು.

ಬೇರೆ ಸಾಕ್ಷಿಯೂ ಇರಲಿಲ್ಲ. ಪಕ್ಕದ ಸಾಲಿನ ಗಾಳಿಯೂದುವ ಬ್ಲೋವರುಗಳು ಹಗಲು ರಾತ್ರಿ ಬೊಬ್ಬೆ ಹೊಡೆಯುತ್ತಿರುತ್ತವೆ, ಗೆರೆಯ ಮೇಲೆ ನಿಂತವರೆಲ್ಲ ಹುಷಾರಪ್ಪನವರ ಅಪ್ಪಣೆಯಂತೆ ಕಿವಿಗೆ ಪ್ಲಗ್ ತುರುಕಿಕೊಂಡಿರುತ್ತಾರೆ. ಒಂದು ಕಡೆ ಐದಕ್ಕನ ಮಾತು, ಇನ್ನೊಂದು ಕಡೆ ಜನ್ಮದಲ್ಲಿ ಸುಳ್ಳಾಡದ ಹುಷಾರಪ್ಪನವರ ಮಾತು. "ನಾಳೆ ಹತ್ತಕ್ಕೆ ರಿಪೋರ್ಟು ಬರೆದು ಸಹಿ ಮಾಡಿ ಕೊಡಿ" ಎಂದು ಮ್ಯಾನೇಜರ್ ಹೋದರು. ಆ ಸಹಿ ಬಿದ್ದರೆ ಐದಕ್ಕ ಮನೆಗೆ. ಅವಳು ಗೋಡೆಯತ್ತ ತಿರುಗಿ, ಸದ್ದಾಗದಂತೆ ಅಳುತ್ತಿದ್ದಳು.

ಇನ್ನು ತಡೆದುಕೊಳ್ಳುವುದು ನನ್ನಿಂದಾಗಲಿಲ್ಲ. ಹುಷಾರಪ್ಪನವರ ರಟ್ಟೆ ಹಿಡಿದು ಪಕ್ಕದ ಅವರ ಕೋಣೆಗೆ ಎಳೆದುಕೊಂಡು ಹೋದೆ. "ಅಣ್ಣ, ಗೋಡೆ ಕಡೆ ಮುಖ ಮಾಡಿ ನಿಂತ್ಕೊಳ್ಳಿ. ನಾನು ಏನು ಹೇಳ್ತೀನೋ ಅದನ್ನೇ ವಾಪಸ್ ಹೇಳಿ."

"ಇದೇನು ಮಕ್ಕಳಾಟ ಸಿಸ್ಟರ್?" ಎಂದು ಗೊಣಗುತ್ತಲೇ ತಿರುಗಿ ನಿಂತರು.

"ಹುಷಾರು" ಎಂದೆ.

"ಹುಷಾರು."

"ಹುಷಾರಿಲ್ಲ" ಎಂದೆ.

"ಹುಷಾರು."

ಇನ್ನೂ ಗಟ್ಟಿಯಾಗಿ "ಹುಷಾರಿಲ್ಲ" ಎಂದೆ.

"ಹುಷಾರು. ಅದನ್ನೇ ಎಷ್ಟು ಸಲ ಹೇಳ್ತೀರಿ?"

ನಾನು ಹೇಳಿದ ಮೂರು ಮಾತನ್ನೂ ಒಂದು ಚೀಟಿಯಲ್ಲಿ ಬರೆದು ಅವರ ಕೈಗಿಟ್ಟೆ. ಕನ್ನಡಕ ಹಾಕಿಕೊಂಡು ಓದಿದರು. ಮತ್ತೆ ಓದಿದರು. ಆಮೇಲೆ ಹೆಲ್ಮೆಟ್ ತೆಗೆದು ಮೇಜಿನ ಮೇಲಿಟ್ಟು ಕುರ್ಚಿಯಲ್ಲಿ ಕುಸಿದು ಕೂತರು.

"ಬಾಯಿ ನೋಡಿದ್ರೆ ಗೊತ್ತಾಗುತ್ತೆ ಅಂದಿದ್ರಲ್ಲ" ಎಂದೆ. ಕೋಪ ಇನ್ನೂ ಇಳಿದಿರಲಿಲ್ಲ.

ಚೀಟಿಯನ್ನು ಮಡಿಸುತ್ತಾ ಅವರು ಹೇಳಿದರು: "ನಾನು ಬೆಳಿಗ್ಗೆ ಯಾರ ಬಾಯೂ ನೋಡಲ್ಲ ಸಿಸ್ಟರ್. ಬೆರಳು ನೋಡ್ತೀನಿ."

ಆಗ ನನ್ನ ಕೋಪ ಪೂರ್ತಿ ಇಳಿದುಹೋಯಿತು. ನನ್ನ ತಪ್ಪನ್ನೂ ಒಪ್ಪಿಕೊಂಡೆ. ಗೊತ್ತಿದ್ದೂ ಮುಚ್ಚಿಟ್ಟವಳು ನಾನು, ನಾಳೆ ನಾನೂ ಬರೆದುಕೊಡುತ್ತೇನೆ ಎಂದೆ. ಅವರು ನನ್ನ ಬಾಯನ್ನೇ ನೋಡುತ್ತಾ ಕೇಳಿಸಿಕೊಂಡರು. ಅವರು ಏನು ಬರೆಯುತ್ತಾರೋ ಎಂಬ ಹೆದರಿಕೆಯಲ್ಲೇ ನಾನು ಆ ಸಂಜೆ ಐದಕ್ಕನನ್ನು ಆಟೋ ಹತ್ತಿಸಿದೆ.

ಮರುದಿನ ಏಳಕ್ಕೆ ನನಗೆ ಪ್ರೆಸ್ಸುಗಳ ಬಳಿ ಬರಲು ಹೇಳಿಕಳಿಸಿದರು. ಹದಿಮೂರು ಜನ ಗೆರೆಯ ಮೇಲೆ ನಿಂತಿದ್ದರು. ಐದನೇ ಜಾಗ ಖಾಲಿ ಇತ್ತು. ಹುಷಾರಪ್ಪ ಹೋಗಿ ಆ ಖಾಲಿ ಜಾಗದಲ್ಲಿ ನಿಂತರು. ಎಲ್ಲರಿಗೂ ಪ್ಲಗ್ ತೆಗೆಯುವಂತೆ ಸನ್ನೆ ಮಾಡಿ, "ಸಿಸ್ಟರ್, ನನ್ನನ್ನ ಕೇಳಿ" ಎಂದರು.

"ಹುಷಾರಾ?" ಎಂದೆ.

ಹತ್ತೂ ಬೆರಳು ಎತ್ತಿದರು. "ಹುಷಾರಿಲ್ಲ" ಎಂದರು, ಬ್ಲೋವರಿನ ಸದ್ದನ್ನೂ ಮೀರಿ. "ಬೆರಳೆಲ್ಲ ಇದೆ. ಕಿವಿ ಹೋಗಿದೆ. ಆಗ್ಲೇ ಐದಾರು ವರ್ಷ ಆಯ್ತು. ಐದಕ್ಕ ನಿಜ ಹೇಳಿದ್ಲು, ನಾನು ಅರ್ಧ ಕೇಳಿಸಿಕೊಂಡೆ. ನಿಮ್ಮಲ್ಲಿ ಇನ್ಯಾರು ಎಷ್ಟು ಸಲ ಹೇಳಿದ್ರೋ ನಂಗೆ ಗೊತ್ತಿಲ್ಲ. ಕ್ಷಮಿಸಿಬಿಡಿ."

ಆಮೇಲೆ ಒಂಬತ್ತನೇ ಪ್ರೆಸ್ಸಿನ ಗಡ್ಡದವನು ಮೆಲ್ಲಗೆ, "ನಾನು ಒಂದ್ಸಲ ಹೇಳಿದ್ದೆ ಅಣ್ಣ. ಮಗು ತೀರಿಕೊಂಡ ವಾರ" ಎಂದ. ಆ ಮಾತೂ ಅವರಿಗೆ ಕೇಳಿಸಲಿಲ್ಲ. ನಾನು ಅವರ ಎದುರಿಗೆ ನಿಂತು, ಬಾಯಿ ಕಾಣುವಂತೆ ಮತ್ತೆ ಹೇಳಬೇಕಾಯಿತು. ಹುಷಾರಪ್ಪ ಹೋಗಿ ಗಡ್ಡದವನ ಎರಡೂ ಕೈ ಹಿಡಿದುಕೊಂಡರು. ಅಷ್ಟು ವರ್ಷ ಎಣಿಸಿದ್ದ ಬೆರಳುಗಳನ್ನು ಅವರು ಹಿಡಿದುಕೊಂಡದ್ದನ್ನು ನಾನು ನೋಡಿದ್ದು ಅದೇ ಮೊದಲು.

ಹತ್ತು ಗಂಟೆಗೆ ರಿಪೋರ್ಟು ಹೋಯಿತು. ತಪ್ಪು ಯಾರದು ಎಂಬ ಜಾಗದಲ್ಲಿ ಅವರು ತಮ್ಮ ಹೆಸರು ಬರೆದಿದ್ದರು, ಹಾಜರಿ ಪುಸ್ತಕದ ಆ ನಿಜವಾದ ಹೆಸರು. ಕೆಳಗೆ ಬೇಕಾದ್ದು ಎಂದು ಸ್ಟೂಲು, ನೀರು, ಯಾರಿಗೂ ತಪ್ಪದಂತೆ ಕಿವಿ ಪರೀಕ್ಷೆ ಎಂದು ಸೇರಿಸಿದ್ದರು. ಎಂಟು ವರ್ಷ ನಾನು ಗೋಡೆಗೆ ಹೇಳಿದ್ದೇನೆ ಎಂದುಕೊಂಡದ್ದೆಲ್ಲ ಅದರಲ್ಲಿತ್ತು. ಮ್ಯಾನೇಜರ್ ಕೂಗಾಡಿದರು. ನನಗೆ ಒಂದು ಎಚ್ಚರಿಕೆ ಪತ್ರ ಸಿಕ್ಕಿತು, ಸಿಗಬೇಕಾದದ್ದೇ. ಹುಷಾರಪ್ಪನವರ ಕೆಂಪು ಹೆಲ್ಮೆಟ್ ಹೋಯಿತು. ರಿಟೈರ್ ಆಗುವವರೆಗೆ ಅವರನ್ನು ಸ್ಟೋರಿನ ಕಿಟಕಿಯ ಹಿಂದೆ, ಕೈಗವಸು ಮತ್ತು ಇಯರ್‌ಪ್ಲಗ್ ಹಂಚಲು ಕೂರಿಸಿದರು. ಸ್ಟೂಲು ಏಳು ಬಂದವು, ಉಳಿದ ಏಳಕ್ಕೆ ನಾನಿನ್ನೂ ಜಗಳವಾಡುತ್ತಿದ್ದೇನೆ. ಬೆಳಗಿನ ಸಾಲು ಈಗ ನನ್ನ ಪಾಲಿಗೆ ಬಂದಿದೆ. ನಾನು ಮುಖ ನೋಡಿ ಕೇಳುತ್ತೇನೆ.

ಹನ್ನೆರಡು ದಿನದ ಮೇಲೆ ಐದಕ್ಕ ಕೆಲಸಕ್ಕೆ ಬಂದಳು. ಹಣೆಯ ಹೊಲಿಗೆ ಬಿಚ್ಚಿಯಾಗಿತ್ತು. ಪ್ಲಗ್ ಇಸಿದುಕೊಳ್ಳಲು ಸ್ಟೋರಿನ ಕಿಟಕಿಗೆ ಹೋದಾಗ ನಾನೂ ಜೊತೆಗಿದ್ದೆ. ಹುಷಾರಪ್ಪ ಎದ್ದು ನಿಂತರು. ಕನ್ನಡಕ ಸರಿಮಾಡಿಕೊಂಡು, ಕಿಟಕಿಯಿಂದ ತಲೆ ಹೊರಗೆ ಚಾಚಿ ಅವಳ ಬಾಯನ್ನೇ ನೋಡುತ್ತಾ ಕೇಳಿದರು: "ಹುಷಾರಾ ತಾಯಿ?"

"ಹುಷಾರು ಅಣ್ಣ" ಎಂದಳು.

ಅವರು ಭೇಷ್ ಎನ್ನಲಿಲ್ಲ. ಅವಳ ಬಾಯಿಂದ ಕಣ್ಣು ಕೀಳದೆ ಹಾಗೇ ಕಾಯುತ್ತಾ ನಿಂತರು. ಯಾವುದಕ್ಕೆ ಕಾಯುತ್ತಿದ್ದಾರೆಂದು ಅವಳಿಗೆ ಮೊದಲು ತಿಳಿಯಲಿಲ್ಲ. ತಿಳಿದಾಗ ಅವಳ ಕಣ್ಣು ತುಂಬಿತು, ನಗುವೂ ಬಂತು.

"ಇಷ್ಟೇ ಅಣ್ಣ" ಎಂದಳು, ಒಂದೊಂದೇ ಅಕ್ಷರ ಬಿಡಿಸಿ. "ಇವತ್ತು ಹುಷಾರು ಆದ್ಮೇಲೆ 'ಇಲ್ಲ' ಇಲ್ಲ."