ಎರ್ಲೆನ್‌ರಾತ್‌ನ ಮಕ್ಕಳ ಸಾಲು

ಜನವರಿಯ ಒಣ ಗಾಳಿ ಎದ್ದಾಗಿನಿಂದ ಅಮೆರಿಕದ ಪಶ್ಚಿಮ ಕರಾವಳಿಯ ರಾಂಚೊ ಬರ್ನಾರ್ಡೊದ ಜನರೆಲ್ಲ ಪೂರ್ವದ ಗುಡ್ಡಗಳ ಕಡೆ ನೋಡಿ ಹೆದರುತ್ತಿದ್ದರು. ನೀಲಕಂಠಪ್ಪ ಮಾತ್ರ ಹೆಂಡತಿಯ ಮುಖ ನೋಡಿ ಹೆದರುತ್ತಿದ್ದ. ಲಾಸ್ ಏಂಜಲೀಸ್‌ನಲ್ಲಿ ಕಾಳ್ಗಿಚ್ಚಿಗೆ ಬೀದಿಗೆ ಬೀದಿಯೇ ಸುಟ್ಟುಹೋಗುತ್ತಿದೆಯೆಂದು ಟೀವಿ ಬಡಿದುಕೊಳ್ಳುತ್ತಿತ್ತು. ಪಕ್ಕದ ಮನೆಯವರು ಪಾಸ್‌ಪೋರ್ಟು, ಫೋಟೊ ಆಲ್ಬಮ್ಮು, ನಾಯಿಯ ಊಟ ಎಲ್ಲವನ್ನೂ ಕಾರಿಗೆ ತುಂಬಿ, ಫೋನು ಕೈಯಲ್ಲಿ ಹಿಡಿದೇ ಕೂತಿದ್ದರು. ಇಂಥದರ ನಡುವೆ ಅವನ ಹೆಂಡತಿ ಟ್ರೂಡಿ ಅಡುಗೆಮನೆಯ ಮೇಜಿನ ಮುಂದೆ ಕೂತು, ಜೋಳದ ರೊಟ್ಟಿ ಮುರಿಯುತ್ತ ಆರಾಮಾಗಿ ಹೇಳಿದಳು:

"ಏನ್ರೀ, ಈ ಸಲ ಈಸ್ಟರ್ ಹಬ್ಬಕ್ಕ ಊರಿಗೆ ಹೋಗೂಣು. ಮಗನ್ನ ನೋಡಿ ಬರೂಣು."

"ನಿನ್ನ ಮೊಣಕಾಲು?"

"ಏರ್‌ಪೋರ್ಟಿನ್ಯಾಗ ವೀಲ್‌ಚೇರ್ ಕೊಡ್ತಾರ. ನಾ ಸತ್ತರ ಅವನ ಬಾಜೂಕನ ಮಣ್ಣ ಮಾಡಬೇಕು. ಅದನ್ನೂ ಅಲ್ಲಿ ಆಫೀಸಿನವರಿಗೆ ಹೇಳಿ ಬರೂಣು. ಇನ್ನ ಎಷ್ಟ ದಿವಸ ಮುಂದ ದೂಡೂದು?"

"ಆತು, ನೋಡೂಣಂತ" ಎಂದ ನೀಲಕಂಠಪ್ಪ. ಎದ್ದು ಹೋಗಿ ಟೀವಿಯ ಸದ್ದು ಜಾಸ್ತಿ ಮಾಡಿದ.

ಜರ್ಮನ್ ಹೆಂಗಸು ಧಾರವಾಡದ ಕನ್ನಡ ಮಾತಾಡುವುದೆಂದರೇನು ಎಂದು ಹುಬ್ಬೇರಿಸಬೇಡಿ. ಮದುವೆಯಾದ ಹೊಸದರಲ್ಲಿ ಅವಳು ಕುಂದಗೋಳದಲ್ಲಿ ಅತ್ತೆಯ ಕೈಕೆಳಗೆ ಒಂದೆರಡು ವರ್ಷ ಇದ್ದವಳು. ಆ ಅತ್ತೆ ಬೈದೇ ಕಲಿಸಿದ ಕನ್ನಡ ಅದು, ಹಾಗಾಗಿ ಗಟ್ಟಿಯಾಗಿ ಕೂತಿತ್ತು. ಗಂಡಹೆಂಡಿರು ಅಮೆರಿಕಕ್ಕೆ ಬಂದು ನಲವತ್ತು ವರ್ಷ ದಾಟಿದರೂ ತಮ್ಮಿಬ್ಬರ ನಡುವೆ ಅದೇ ಭಾಷೆ. ಮಗಳು ಧೃತಿಗೆ ಅದು ಪೂರ್ತಿ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಅರ್ಧಕ್ಕರ್ಧ ಇಂಗ್ಲಿಷಿನಲ್ಲಿ.

ಆದರೆ ಟ್ರೂಡಿ ನೋಡಿಬರೋಣವೆಂದ ಆ ಮಗ, ಅವಳು ಎಣಿಸಿದ ಜಾಗದಲ್ಲಿ ಇರಲಿಲ್ಲ. ಇದು ನೀಲಕಂಠಪ್ಪನಿಗೆ ಗೊತ್ತಿತ್ತು, ಅವಳಿಗೆ ಗೊತ್ತಿರಲಿಲ್ಲ. ಹನ್ನೆರಡು ಹದಿಮೂರು ವರ್ಷಗಳಿಂದ ಈ ಮನುಷ್ಯ ಅದೊಂದು ಸುಳ್ಳನ್ನು ಹೊಟ್ಟೆಯಲ್ಲಿಟ್ಟುಕೊಂಡು ಉಣ್ಣುತ್ತಿದ್ದ, ಮಲಗುತ್ತಿದ್ದ, ವಾಕಿಂಗ್ ಹೋಗುತ್ತಿದ್ದ. ಕರೋನ ಬಂದು ವಿಮಾನಗಳು ನಿಂತಾಗ ಲೋಕವೆಲ್ಲ ಗೋಳಾಡಿದರೆ ಇವನೊಬ್ಬ ಒಳಗೊಳಗೇ ನಿಟ್ಟುಸಿರುಬಿಟ್ಟ. ಹಾಗೆ ನಿಟ್ಟುಸಿರುಬಿಟ್ಟದ್ದಕ್ಕೆ ನಾಚಿಕೆಯನ್ನೂ ಪಟ್ಟ.

ಟ್ರೂಡಿಯ ತವರೂರಿನ ಹೆಸರು ಎರ್ಲೆನ್‌ರಾತ್. ರೈನ್ ನದಿಯ ಪಶ್ಚಿಮಕ್ಕೆ ಸಪಾಟು ಹೊಲಗಳ ನಡುವೆ ಒಂದೇ ದೊಡ್ಡ ಬೀದಿ, ಆ ಬೀದಿಯ ತುದಿಗೆ ಸಂತ ಗೆರಿಯೋನನ ಚರ್ಚು. ಮೊದಲು ಅಲ್ಲಿ ಹಟ್ಟಿಯಷ್ಟಗಲದ ಕಲ್ಲಿನ ಗುಡಿಯೊಂದಿತ್ತಂತೆ. ಬೇರೆ ಬೇರೆ ರಾಜರ ದಂಡು ಬಂದು ಅದನ್ನು ಮತ್ತೆ ಮತ್ತೆ ಸುಟ್ಟಿತು, ಊರವರು ಮತ್ತೆ ಮತ್ತೆ ಕಟ್ಟಿದರು. ಕೊನೆಗೆ ಟ್ರೂಡಿಯ ಮುತ್ತಜ್ಜನ ಕಾಲದಲ್ಲಿ ಹಟ ಹಿಡಿದು, ತಮ್ಮದೇ ಗೂಡಿನಲ್ಲಿ ಇಟ್ಟಿಗೆ ಸುಟ್ಟು, ಎರಡು ಗೋಪುರದ ಭಾರಿ ಚರ್ಚನ್ನು ಎಬ್ಬಿಸಿದರು. ಅಷ್ಟು ಸಣ್ಣ ಊರಿಗೆ ಅಷ್ಟು ದೊಡ್ಡ ಚರ್ಚು ಯಾಕೆ ಬೇಕಿತ್ತೋ, ಸುತ್ತಲ ಹಳ್ಳಿಯವರು ನಗುತ್ತಿದ್ದರಂತೆ. ಎರಡು ಮಹಾಯುದ್ಧಗಳಲ್ಲೂ ಸರ್ಕಾರದವರು ಬಂದು ಗಂಟೆಗಳನ್ನು ಇಳಿಸಿಕೊಂಡು ಹೋಗಿ ಫಿರಂಗಿಗೆ ಕರಗಿಸಿದರು. ಎರಡನೆಯ ಸಲ ಒಂದೇ ಒಂದು ಸಣ್ಣ ಗಂಟೆಯನ್ನು ಬಿಟ್ಟಿದ್ದರು. ಆ ಗಂಟೆ ಬಾರಿಸುವುದು ಟ್ರೂಡಿಯ ಅಪ್ಪನ ಕೆಲಸವಾಗಿತ್ತು.

ಆ ಅಪ್ಪನ ಮನೆಯ ಅಟ್ಟದ ಕೋಣೆಗೆ ಬಾಡಿಗೆದಾರನಾಗಿ ಬಂದವನು ನಮ್ಮ ನೀಲಕಂಠಪ್ಪ. ಆ ಸೀಮೆಯ ನೆಲದಡಿಯಲ್ಲಿ ಕಂದು ಕಲ್ಲಿದ್ದಲಿದೆ. ಅದನ್ನು ತೆಗೆಯಲು ಊರಿಗಿಂತ ಎತ್ತರದ ಚಕ್ರದ ಯಂತ್ರಗಳಿದ್ದವು. ಆ ಯಂತ್ರ ಅಗೆದು ಹಾಕುವ ಮಣ್ಣನ್ನು ಮೈಲಿಗಟ್ಟಲೆ ಒಯ್ಯುವ ರಬ್ಬರ್ ಬೆಲ್ಟುಗಳ ಕೆಲಸ ಕಲಿಯಲು ಹುಬ್ಬಳ್ಳಿಯಿಂದ ಹೋಗಿದ್ದ ಎಂಜಿನಿಯರ್ ಅವನು. ಆಗ ಗಣಿ ಬಲು ದೂರವಿತ್ತು. ಗಾಳಿ ಈ ಕಡೆ ತಿರುಗಿದಾಗ ಮಾತ್ರ ಗುರ್ರ್ ಎಂಬ ಸದ್ದು ಕೇಳುತ್ತಿತ್ತು. "ಅದು ನಮ್ಮಲ್ಲಿಗೆ ಬರುವಷ್ಟರಲ್ಲಿ ನಾವ್ಯಾರೂ ಇರುವುದಿಲ್ಲ" ಎಂದು ಮಾವ ನಗುತ್ತಿದ್ದ. ಮಾವನ ಪಾಲಿಗೆ ಅದು ನಿಜವೇ ಆಯಿತು.

ಮದುವೆಯಾಗಿ, ಕುಂದಗೋಳದಲ್ಲಿದ್ದು, ಮತ್ತೆ ಮಾವನ ಊರಿಗೆ ಬಂದ ಮೇಲೆ ಹುಟ್ಟಿದ ಮೊದಲ ಮಗು ಗಂಡು. ಬಸವ ಮಥಿಯಾಸ್ ಎಂದು ಹೆಸರಿಟ್ಟರು, ಇಬ್ಬರ ಮನೆಯವರಿಗೂ ಸಮಾಧಾನವಾಗಲೆಂದು. ಇನ್ನೂ ಹಾಲು ಕುಡಿಯುವಾಗಲೇ ಜ್ವರ ಬಂದು ಕೂಸು ಹೋಗಿಬಿಟ್ಟಿತು. ಚರ್ಚಿನ ಹಿಂದಿನ ಅಂಗಳದಲ್ಲಿ ಮಕ್ಕಳದೇ ಒಂದು ಸಾಲಿತ್ತು, ಅಲ್ಲಿ ಕುಣಿ ತೋಡಿದರು. ಪಾದ್ರಿ ಒಳ್ಳೆಯವನು. ನೀಲಕಂಠಪ್ಪ ಕೂಸಿನ ಹಣೆಗೆ ವಿಭೂತಿ ಹಚ್ಚುವಾಗ ಅವನು ಬೇರೆ ಕಡೆ ಮುಖ ತಿರುಗಿಸಿ ನಿಂತ. ಆ ಹೊತ್ತಿನಲ್ಲಿ ನೀಲಕಂಠಪ್ಪನಿಗೆ ಒಂದೇ ಒಂದು ಸಮಾಧಾನವಿತ್ತು: ಈ ಜನರೂ ನಮ್ಮಂತೆಯೇ ಮಣ್ಣು ಮಾಡುತ್ತಾರೆ, ಸುಡುವುದಿಲ್ಲ. ಸುಡುವ ಊರಾಗಿದ್ದರೆ ಎದೆ ಒಡೆದುಹೋಗುತ್ತಿತ್ತೆಂದು ತಾಯಿಗೆ ಬರೆದಿದ್ದ.

ಎಡವಿದ್ದು ಅಲ್ಲಿಯೇ. ಕುಂದಗೋಳದ ಅವರ ಹೊಲದ ಮೂಲೆಯಲ್ಲಿ ಮುತ್ತಜ್ಜನ ಸಮಾಧಿ ಇದೆ. ಹೊಲ ಎರಡು ಸಲ ಪಾಲಾಗಿದೆ, ಒಂದು ಪಾಲು ಮಾರಾಟವೂ ಆಗಿದೆ, ಆದರೂ ನೇಗಿಲು, ಟ್ರ್ಯಾಕ್ಟರು ಎಲ್ಲ ಆ ಸಮಾಧಿಯನ್ನು ಬಳಸಿಕೊಂಡೇ ಹೋಗುತ್ತವೆ. ಮಣ್ಣು ಮಾಡಿದ ಮೇಲೆ ಮುಗಿಯಿತು, ಆ ಜಾಗ ಸತ್ತವರದು. ಇದನ್ನು ಯಾರೂ ಯಾರಿಗೂ ಹೇಳಿಕೊಡುವುದಿಲ್ಲ, ಎಲ್ಲರಿಗೂ ಗೊತ್ತಿರುವ ಮಾತು. ಜರ್ಮನಿಯಲ್ಲಿ ಹಾಗಲ್ಲ! ಅಲ್ಲಿ ಗೋರಿಗೆ ಅವಧಿಯಿದೆ. ಅದು ಮುಗಿದಾಗ ಮನೆಯವರು ದುಡ್ಡು ಕಟ್ಟಿ ಮುಂದುವರಿಸಬೇಕು, ಇಲ್ಲದಿದ್ದರೆ ಕಲ್ಲು ಕಿತ್ತು, ನೆಲ ಸಮ ಮಾಡಿ, ಜಾಗವನ್ನು ಇನ್ನೊಬ್ಬರಿಗೆ ಕೊಡುತ್ತಾರೆ. ಅಲ್ಲಿ ಹುಟ್ಟಿದ ಯಾರನ್ನು ಕೇಳಿದರೂ ಇದನ್ನು ಹೇಳುತ್ತಿದ್ದರು, ಟ್ರೂಡಿಯೂ ಹೇಳುತ್ತಿದ್ದಳು. ಆದರೆ ಗೋರಿಯ ಅವಧಿ ಮುಗಿಯಿತೆಂದು ಅಲ್ಲಿಂದ ಕಾಗದ ಬಂದ ಕಾಲಕ್ಕೆ ಟ್ರೂಡಿ ಹೃದಯದ ಆಪರೇಷನ್ ಆಗಿ ಮಲಗಿದ್ದಳು. ನೀಲಕಂಠಪ್ಪ ಒಬ್ಬನೇ ಅದನ್ನು ಓದಿ ಉರಿದುಬಿದ್ದ. ಸತ್ತ ಕೂಸಿನ ಜಾಗಕ್ಕೂ ಅವಧಿಯೇ? ಏನಾದರೂ ವಂತಿಗೆ ಕೀಳುವ ಉಪಾಯವಿರಬೇಕು. ಮಲಗಿದವಳಿಗೆ ಇದನ್ನು ಹೇಳಿ ಅಳಿಸುವುದೇಕೆ, ಗೋರಿಯನ್ನು ಯಾರು ತಾನೇ ಅಗೆಯುತ್ತಾರೆ ಎಂದು ಸುಮ್ಮನಾದ. ಆಮೇಲೆ ಮರೆತೂಬಿಟ್ಟ. ಮನೆಯ ಕಾಗದಪತ್ರವೆಲ್ಲ ಅವನದೇ ಪಾಲಿನ ಕೆಲಸ, ಕಟ್ಟಿರುತ್ತಾನೆಂದು ಟ್ರೂಡಿಯೂ ಕೇಳಲಿಲ್ಲ.

ಅಷ್ಟರಲ್ಲಿ ಗಣಿ ಬಂತು. ನೆಲದಡಿಯ ನೀರನ್ನು ಪಂಪು ಮಾಡಿ ತೆಗೆದು ತೆಗೆದು ಚರ್ಚಿನ ಗೋಡೆ ಬಿರುಕುಬಿಟ್ಟಿತು. ಗುರ್ರ್ ಎಂಬ ಸದ್ದಿಗೆ ಗಾಳಿಯ ಹಂಗು ತಪ್ಪಿತು. ಊರವರು ಒಬ್ಬೊಬ್ಬರಾಗಿ ಎದ್ದು ಬೇರೆಡೆ ಕಟ್ಟಿದ ಹೊಸ ಎರ್ಲೆನ್‌ರಾತ್‌ಗೆ ಹೋದರು. ಬೀದಿಯ ಹೆಸರುಗಳನ್ನೂ ಒಯ್ದರು, ಅಂಗಳದಲ್ಲಿದ್ದ ಸತ್ತವರನ್ನೂ ಪೆಟ್ಟಿಗೆಯಲ್ಲಿಟ್ಟು ಒಯ್ದರು. ಕೊನೆಯ ಪೂಜೆಯ ದಿನ ಪಾದ್ರಿ ಗರ್ಭಗುಡಿಯ ದೀಪ ಆರಿಸಿ, ಬಾಗಿಲು ಹಾಕಿ, ಕೀಲಿಯನ್ನು ಗಣಿಯವರ ಕೈಗೆ ಕೊಟ್ಟನಂತೆ. ಗೋಪುರ ಬೀಳುವುದನ್ನು ಟ್ರೂಡಿ ಯೂಟ್ಯೂಬಿನಲ್ಲಿ ಒಂದೇ ಸಲ ನೋಡಿದಳು. ಆಮೇಲೆ ಕೇಳಿದಳು, "ಮಗನ್ನೂ ಒಯ್ದಾರಲ್ರೀ?"

ಅವನು ಕಾರಿನಲ್ಲಿ ಕೂತು ಆ ಹೊಸ ಊರಿನ ಸ್ಮಶಾನದ ಆಫೀಸಿಗೆ ಫೋನು ಮಾಡಿದ. ಆ ಕಡೆಯ ಹೆಂಗಸು ಬಹಳ ಸೌಜನ್ಯದಿಂದಲೇ ಹೇಳಿದಳು: ಆ ಗೋರಿಯ ಕಲ್ಲು ಕಿತ್ತು ನೆಲ ಸಮ ಮಾಡಿ ವರ್ಷಗಳಾದವು. ಅವಧಿ ಮುಗಿದವರ ಹೆಸರು ಒಯ್ಯುವವರ ಪಟ್ಟಿಯಲ್ಲಿರುವುದಿಲ್ಲ. ಹೆಸರಿದ್ದವರನ್ನಷ್ಟೇ ಹೊಸ ಊರಿಗೆ ತಂದಿದ್ದೇವೆ. ನೀಲಕಂಠಪ್ಪ ಒಳಗೆ ಬಂದು ಹೆಂಡತಿಗೆ ಹೇಳಿದ, "ಒಯ್ದಾರಂತ. ಅಲ್ಲೂ ಮಕ್ಕಳ ಸಾಲು ಐತಂತ. ಅದರಾಗ ಅದಾನ."

ಅವಳು ಶಿಲುಬೆಯ ಗುರುತು ಮಾಡಿಕೊಂಡು ಅತ್ತಳು, ನೆಮ್ಮದಿಯಿಂದ ಅತ್ತಳು. ಆ ಅಳು ನೋಡಿದ ಮೇಲೆ ಸತ್ಯ ಹೇಳುವ ಧೈರ್ಯ ಅವನಿಗೆ ಎಲ್ಲಿಂದ ಬರಬೇಕು?

ಈಗ ಈ ಗಾಳಿ, ಈ ಬೆಂಕಿ. ಲಾಸ್ ಏಂಜಲೀಸ್ ಅಂಚಿನ ಚಾಟ್ಸ್‌ವರ್ತ್‌ನಲ್ಲಿದ್ದ ಧೃತಿಗೆ ಮನೆ ಬಿಡಲು ಸಿದ್ಧರಾಗಿರಿ ಎಂಬ ಎಚ್ಚರಿಕೆ ಬಂದದ್ದೇ, ಬೆಕ್ಕನ್ನು ಬುಟ್ಟಿಗೆ ಹಾಕಿಕೊಂಡು ಅಪ್ಪನ ಮನೆಗೆ ಡ್ರೈವ್ ಮಾಡಿಕೊಂಡು ಬಂದಳು. ಅವಳ ಕಾರಿನ ಮೇಲೆಲ್ಲ ಬೂದಿ. ಬಂದವಳು ಸುಮ್ಮನಿರಬಾರದೇ? ಶನಿವಾರ ಮಧ್ಯಾಹ್ನ ಅಪ್ಪನನ್ನು ಗರಾಜಿಗೆ ಕರೆದು, ಕಣ್ಣರಳಿಸಿ ಗುಟ್ಟು ಹೇಳಿದಳು.

"ಅಪ್ಪಾ, ಅಮ್ಮನಿಗೆ ಸರ್ಪ್ರೈಸ್! ಅಮ್ಮನ ಊರಿನ ಹಿಸ್ಟರಿ ಬರೀತಿರೋ ಒಂದು ಗ್ರೂಪ್ ಇದೆ. ಮಿಸ್ಟರ್ ಕ್ಯೂಪರ್ಸ್ ಅಂತ ಒಬ್ರು, ಸೋ ನೈಸ್. ನಾಳೆ ಬೆಳಗ್ಗೆ ಸೆಮೆಟ್ರಿಗೇ ಹೋಗಿ ವೀಡಿಯೋ ಕಾಲ್ ಮಾಡ್ತಾರೆ. ಅಮ್ಮ ಕ್ಯಾನ್ ಸೀ ಅಣ್ಣಾಸ್ ಗ್ರೇವ್."

ನೀಲಕಂಠಪ್ಪ ಹೋಗಿ ಒಳಬಾಗಿಲನ್ನು ಮುಚ್ಚಿ ಬಂದ.

"ಬ್ಯಾಡವಾ."

"ವೈ?"

"ಆಕಿ ಹೃದಯ ಮೊದಲಽ ನಾಜೂಕು. ಈ ಹೊಗಿ, ಈ ಗದ್ದಲದಾಗ ಬ್ಯಾಡ. ಆಮ್ಯಾಲೆ ಮಾಡೂಣು."

"ಅಪ್ಪಾ, ದಿಸ್ ಈಸ್ ಎಕ್ಸಾಕ್ಟ್ಲಿ ವಾಟ್ ಶಿ ನೀಡ್ಸ್" ಎಂದು ಮಗಳು ಅವನ ಭುಜ ತಟ್ಟಿ ಒಳಗೆ ಹೋದಳು. ಹೇಳುವುದಿದ್ದರೆ ಅದೇ ಹೊತ್ತು. ಅವಳನ್ನು ಕೂಗಿ ನಿಲ್ಲಿಸಿ, ಹಿಂಗಾಗೈತಿ ತಾಯಿ ಎಂದುಬಿಟ್ಟಿದ್ದರೆ ಆಗುತ್ತಿತ್ತು. ಅವನು ಕೂಗಲಿಲ್ಲ. ಜೋರು ಗಾಳಿಗೆ ಕರೆಂಟು ತೆಗೆಯಬಹುದೆಂದು ಕಂಪನಿಯವರು ಮೆಸೇಜು ಕಳಿಸಿದ್ದರಲ್ಲ, ಶಿವನೇ, ತೆಗೆದುಬಿಡಲಿ ಎಂದು ಬೇಡಿಕೊಂಡ. ಆ ಶಿವನಾದರೂ ಎಷ್ಟೆಂದು ಕಾಯುತ್ತಾನೆ. ಕರೆಂಟು ಹೋಗಲಿಲ್ಲ.

ಭಾನುವಾರ ಬೆಳಗ್ಗೆ ಟ್ರೂಡಿಗೆ ವಿಷಯ ಗೊತ್ತಾದದ್ದೇ ಒಳಗೆ ಹೋಗಿ ಬಟ್ಟೆ ಬದಲಿಸಿ ಬಂದಳು. ಇಳಕಲ್ ಸೀರೆ, ಕೊರಳಲ್ಲಿ ಶಿಲುಬೆ, ಕೂದಲು ಬಾಚಿ ಬಿಗಿದ ತುರುಬು. ಎಪ್ಪತ್ತನಾಲ್ಕರ ಹೆಂಗಸು ಮೊದಲ ಸಲ ಬೀಗರ ಮನೆಗೆ ಹೊರಟವಳಂತೆ ಕೂತಳು. ಕಿಟಕಿಯಾಚೆ ಆಕಾಶ ಹಳದಿ ತಿರುಗಿತ್ತು. ಧೃತಿ ಟ್ಯಾಬ್ಲೆಟ್ಟನ್ನು ಸಕ್ಕರೆ ಡಬ್ಬಿಗೆ ಆನಿಸಿ ನಿಲ್ಲಿಸಿದಳು.

ಅಲ್ಲಿ ಆಗಲೇ ಹೊತ್ತು ಇಳಿಯುತ್ತಿತ್ತು. ಕ್ಯೂಪರ್ಸ್ ಉಣ್ಣೆಯ ಟೋಪಿಯ ಮುದುಕ. ಟ್ರೂಡಿಯ ಅಪ್ಪ ಗಂಟೆ ಬಾರಿಸುತ್ತಿದ್ದುದು ನೆನಪಿದೆಯೆಂದು ಹೇಳಿದ, ಇಬ್ಬರೂ ನಕ್ಕರು. ಹೊಸ ಸ್ಮಶಾನದ ಬೇಲಿ, ಎಳೆ ಗಿಡಗಳು, ಎಲ್ಲ ತೋರಿಸಿದ. ಆಮೇಲೆ ಮಕ್ಕಳ ಸಾಲಿಗೆ ಬಂದು, ಒಂದೊಂದೇ ಕಲ್ಲಿನ ಮುಂದೆ ಬಗ್ಗಿ ಹೆಸರು ಓದತೊಡಗಿದ. ಆನ್ನಾ. ಪೀಟರ್. ಇನ್ನೊಬ್ಬ ಪೀಟರ್. ಟ್ರೂಡಿ ಪ್ರತಿ ಹೆಸರಿಗೂ ತಲೆಯಾಡಿಸುತ್ತಿದ್ದಳು, ಆ ಮಕ್ಕಳ ತಾಯಂದಿರನ್ನೆಲ್ಲ ಅವಳು ಬಲ್ಲಳು. ನೀಲಕಂಠಪ್ಪ ಅವಳ ಕುರ್ಚಿಯ ಹಿಂದೆ ನಿಂತಿದ್ದ. ಒಂದೊಂದು ಕಲ್ಲಿಗೂ ಈಗ ಹೇಳಿಬಿಡುತ್ತೇನೆ ಎಂದುಕೊಂಡ. ಮುಂದಿನ ಕಲ್ಲಿಗೆ, ಮುಂದಿನದಕ್ಕೆ. ಹೇಡಿ! ಸಾಲು ಮುಗಿಯಿತು, ಬೇಲಿ ಬಂತು.

"ಇಷ್ಟೇ ಇರುವುದು" ಎಂದ ಕ್ಯೂಪರ್ಸ್, ಟ್ರೂಡಿಯನ್ನು ಪೂರ್ತಿ ಹೆಸರಿನಿಂದ ಕರೆದು, ಜರ್ಮನ್‌ನಲ್ಲಿ. "ನಿಮ್ಮ ಮಗುವಿನ ಹೆಸರಿಲ್ಲವಲ್ಲ, ಗೆರ್ಟ್ರೂಡ್."

"ಮತ್ತೊಂದ್ಸಲ ನೋಡೋಕೆ ಹೇಳು" ಎಂದಳು ಧೃತಿ. ಗಾಬರಿಗೆ ಅವಳ ಬಾಯಲ್ಲಿ ಅಚ್ಚ ಕನ್ನಡ ಬಂದಿತ್ತು.

ಟ್ರೂಡಿ ಕುರ್ಚಿಯಲ್ಲೇ ಹಿಂದಕ್ಕೆ ತಿರುಗಿದಳು.

"ಏನ್ರೀ, ನೀವು ಹೇಳಿದ್ರಲ್ಲ?"

ಆಗ ಹೇಳಿದ. ನಿಂತಲ್ಲೇ, ಗೋಡೆ ನೋಡುತ್ತ, ಎಲ್ಲವನ್ನೂ ಹೇಳಿದ. ಅವಧಿ, ತನ್ನ ಸಿಟ್ಟು, ಕಾರಿನಲ್ಲಿ ಕೂತು ಮಾಡಿದ ಫೋನು. "ನಮ್ಮ ಕಡೆಯಂಗ ಅಂತ ತಿಳಕೊಂಡೆ, ಟ್ರೂಡಿ. ಮಣ್ಣ ಮಾಡಿದ ಮ್ಯಾಲೆ ಯಾರೂ ಮುಟ್ಟಂಗಿಲ್ಲ ಅಂತ ತಿಳಕೊಂಡೆ" ಎಂದು ಅತ್ತ. ಅವನು ಅತ್ತು ಮುಗಿಸುವವರೆಗೂ ಅವಳು ಕಾದಳು.

"ಹಂಗಾರ ಈಗ ಎಲ್ಲಿ ಅದಾನ?"

ಬೇರೆ ಯಾರೇ ಆಗಿದ್ದರೂ ಗೊತ್ತಿಲ್ಲ ಎನ್ನಬಹುದಿತ್ತು. ಇವನಿಗೆ ಗೊತ್ತಿತ್ತು. ಹೊಟ್ಟೆಪಾಡಿಗೆಂದು ಕಲಿತ ವಿದ್ಯೆಯಲ್ಲವೇ!

"ಹಳೇ ಅಂಗಳದಾಗ ಉಳಿದಿದ್ದ. ಆಮ್ಯಾಲೆ ಯಂತ್ರ ಬಂತು. ಕಲ್ಲಿದ್ದಲಿನ ಮ್ಯಾಲಿನ ಮಣ್ಣೆಲ್ಲ ಬೆಲ್ಟಿನ ಮ್ಯಾಲೆ ಹೋಗ್ತದ. ಗಣಿಯ ಆ ದಂಡಿಗೆ ಒಯ್ದು ಸುರೀತಾರ. ಅದರ ಮ್ಯಾಲೆ ಮತ್ತ ಮಣ್ಣು. ಮುಂದ ನೀರು ಬಿಟ್ಟು ಕೆರಿ ಮಾಡ್ತಾರಂತ."

"ನೀವು ಕೆಲಸ ಮಾಡಿದ ಬೆಲ್ಟು."

"ಹೌದು."

ಅವಳು ಟ್ಯಾಬ್ಲೆಟ್ಟಿನ ಕಡೆ ತಿರುಗಿದಳು. ಚಳಿಯಲ್ಲಿ ತೊಂದರೆ ತೆಗೆದುಕೊಂಡಿರಿ, ಮನೆಗೆ ಹೋಗಿ ಬೆಚ್ಚಗಿರಿ ಎಂದು ಕ್ಯೂಪರ್ಸ್‌ಗೆ ಜರ್ಮನ್‌ನಲ್ಲಿ ಹೇಳಿ, ತಾನೇ ಬೆರಳಿಟ್ಟು ಕರೆ ಮುಗಿಸಿದಳು. ಅಷ್ಟರಲ್ಲಿ ಮನೆಯ ಮೂರೂ ಫೋನುಗಳು ಒಟ್ಟಿಗೆ ಕಿರುಚಿಕೊಂಡವು. ಹತ್ತಿರದ ಕಣಿವೆಯಲ್ಲಿ ಬೆಂಕಿ ಎದ್ದಿತ್ತು, ಈ ಬೀದಿಯವರು ಕೂಡಲೇ ಹೊರಡಬೇಕಿತ್ತು. ಧೃತಿ ಕಣ್ಣೊರೆಸಿಕೊಂಡು ಔಷಧಿಯ ಚೀಲ, ಬೆಕ್ಕಿನ ಬುಟ್ಟಿ, ಪಾಸ್‌ಪೋರ್ಟು ಎಂದು ಓಡಾಡಿದಳು. ನೀಲಕಂಠಪ್ಪ ಹೆಂಡತಿಯನ್ನು ಎಬ್ಬಿಸಲು ಎಂದಿನಂತೆ ತೋಳು ಚಾಚಿದ. ಅವಳು ಅದನ್ನು ಹಿಡಿಯಲಿಲ್ಲ. ಮೇಜಿನ ಅಂಚು ಹಿಡಿದು, ಹಲ್ಲು ಕಚ್ಚಿ, ತಾನೇ ಎದ್ದಳು. ಮಗಳ ಭುಜ ಹಿಡಿದು ಕಾರಿನವರೆಗೂ ನಡೆದಳು.

ಮುಂದಿನ ಸೀಟಿನಲ್ಲಿ ತಾಯಿ, ಮಗಳು. ಹಿಂದೆ ಬೆಕ್ಕಿನ ಜೊತೆ ನೀಲಕಂಠಪ್ಪ. ಬೀದಿಯ ಕೊನೆಯಲ್ಲಿ ಕಾರುಗಳು ಸಾಲುಗಟ್ಟಿ ನಿಂತಿದ್ದವು. ಗಾಜಿನ ಮೇಲೆ ಬೂದಿ ಬೀಳುತ್ತಿತ್ತು, ಧೃತಿ ವೈಪರ್ ಹಾಕಿದಳು. ಮಗಳ ಹತ್ತಿರ ಯಾವಾಗಲೂ ಇಂಗ್ಲಿಷಿನಲ್ಲೇ ಮಾತಾಡುವ ಟ್ರೂಡಿ, ಹಿಂದೆ ಕೂತವನಿಗೂ ಕೇಳಲೆಂದೇ, ಕನ್ನಡದಲ್ಲಿ ಹೇಳಿದಳು:

"ಧೃತಿ, ನಾ ಸತ್ತರ ಮಣ್ಣ ಮಾಡಬ್ಯಾಡ. ಅಲ್ಲೂ ಬ್ಯಾಡ, ಇಲ್ಲೂ ಬ್ಯಾಡ. ನನ್ನ ಸುಟ್ಟಬಿಡು. ನಿಮ್ಮಪ್ಪನ್ನ ಕೇಳಾಕ ಹೋಗಬ್ಯಾಡ."