ಪರದೆಯ ಮೇಲೆ ಅಪ್ಪ ಬಂದ ಶನಿವಾರ

ನವಿ ಮುಂಬಯಿಯ ಆ ಕಲಾ ಸಂಗ್ರಹಾಲಯದ ಮೇಲೆ ನನಗೆ ಈಗಲೂ ಸಿಟ್ಟಿದೆ. ಅಲ್ಲಿ ಮಾತಾಡಿದ ವಿದ್ವಾಂಸರ ಮೇಲೆ, ಮುಂದಿನ ಸಾಲಿನಲ್ಲಿ ಕೂತಿದ್ದ ನಮ್ಮ ಹೋಟೆಲಿನ ಧಣಿಯ ಮೇಲೆ, ಪಾಪ ಪಾಪ ಎಂದು ತಲೆಯಾಡಿಸಿದ ಎಲ್ಲರ ಮೇಲೂ ಸಿಟ್ಟಿದೆ. ಅವರನ್ನೆಲ್ಲ ಬೈದು ಮುಗಿಸಿದ ಮೇಲೂ ಒಂದಿಷ್ಟು ಸಿಟ್ಟು ಉಳಿಯುತ್ತದೆ. ಅದು ಯಾರ ಪಾಲಿನದೆಂದು ನನಗೆ ಗೊತ್ತು.

ತೊಂಬತ್ತರ ದಶಕದ ಮಾತು. ನಾನೂ ಅಕ್ಕನೂ ಠಾಣೆಯ ಕೋಪರಿಯಲ್ಲಿ ಒಂದು ಖೋಲಿ ಹಿಡಿದು ಇದ್ದೆವು. ಅಕ್ಕ ಮಹಾಪೆಯ ಕಾರ್ಖಾನೆಯೊಂದರಲ್ಲಿ ಔಷಧಿ ಡಬ್ಬಿ ಕಟ್ಟುವ ಕೆಲಸಕ್ಕೆ ಹೋಗುತ್ತಿದ್ದಳು. ನಾನು ನೌಪಾಡಾದ ಹೋಟೆಲಿನಲ್ಲಿದ್ದೆ. ನೈಟ್ ಸ್ಕೂಲಿನಲ್ಲಿ ಏಳನೆಯವರೆಗೆ ನಾನು ಓದಿದ್ದರೆ ಅದು ಅಕ್ಕನ ದುಡಿಮೆ. ಅವಳು ಶಾಲೆಯ ಮೆಟ್ಟಿಲು ಹತ್ತಿದವಳಲ್ಲ.

ಹೋಟೆಲಿಗೆ ಸೇರುವಾಗ ನಾನು ನನ್ನ ಜಾತಿ ಬೇರೆ ಹೇಳಿದ್ದೆ. ನಮ್ಮದು ಭೂತ ಕಟ್ಟುವ ಮನೆತನ. ಕರಾವಳಿಯವರಿಗೆ ಇದನ್ನು ವಿವರಿಸಬೇಕಿಲ್ಲ. ಉಳಿದವರಿಗೆ ಹೇಳುತ್ತೇನೆ. ಮುಖಕ್ಕೆ ಬಣ್ಣ ಬರೆದು, ಕಾಲಿಗೆ ಗಗ್ಗರ ಕಟ್ಟಿ ಅಪ್ಪ ನಿಂತರೆ ಅವರ ಮೈಮೇಲೆ ದೈವ. ಊರಿನ ದೊಡ್ಡ ಮನೆಯ ಯಜಮಾನ ಅವರೆದುರು ಕೈಮುಗಿದು ಅಳುತ್ತಿದ್ದ. ಬೆಳಿಗ್ಗೆ ಬಣ್ಣ ತೊಳೆದರೆ ಅದೇ ಮನೆಯ ಅಂಗಳದಾಚೆ, ತೆಂಗಿನ ಬುಡದಲ್ಲಿ ಅಪ್ಪನಿಗೆ ಎಲೆ ಹಾಕುತ್ತಿದ್ದರು. ನಮ್ಮ ಧಣಿಯೂ ಅಂಥ ದೊಡ್ಡ ಮನೆಯವನೇ. ಗಲ್ಲಾಪೆಟ್ಟಿಗೆಯ ಹಿಂದೆ ದೈವದ ಪಟ ಇಟ್ಟು ದಿನಾ ಹೂ ಏರಿಸುತ್ತಿದ್ದ. ನಿಜ ಹೇಳಿದ್ದರೆ ನನ್ನನ್ನು ಅಡುಗೆಮನೆಯ ಹೊಸ್ತಿಲು ದಾಟಲು ಬಿಡುತ್ತಿರಲಿಲ್ಲ.

ಧಣಿಗೆ ವಾಶಿಯಲ್ಲಿ ಇನ್ನೊಂದು ಹೋಟೆಲಿತ್ತು. ಅದರ ಹತ್ತಿರವೇ ಈ ಸಂಗ್ರಹಾಲಯ. ಏಷ್ಯಾ ಖಂಡದ ಗೊಂಬೆ, ಮುಖವಾಡ, ಬುದ್ಧನ ಮೂರ್ತಿಗಳನ್ನೆಲ್ಲ ಗಾಜಿನೊಳಗೆ ಇಟ್ಟಿದ್ದರು. ಶನಿವಾರ ಸಂಜೆ ಒಬ್ಬರ ಭಾಷಣ, ಬಳಿಕ ಒಂದು ಸಿನಿಮಾ. ಚಾ ತಿಂಡಿ ನಮ್ಮ ಹೋಟೆಲಿನದು, ಅದನ್ನು ಕೊಂಡೊಯ್ಯುವವನು ನಾನು. ಜಾವಾದವರು ತೊಗಲುಗೊಂಬೆ ಆಡಿಸುವುದನ್ನು, ಜಪಾನಿನವರು ಮಡಕೆ ಸುಡುವುದನ್ನು ಚಾ ಡ್ರಮ್ಮಿನ ಪಕ್ಕ ನಿಂತು ನೋಡಿದ್ದೇನೆ. ಮಾತು ಇಂಗ್ಲಿಷಿನಲ್ಲಿ, ತಲೆಗೆ ಹತ್ತಿದ್ದು ಕಡಿಮೆ. ಆದರೂ ಶನಿವಾರಕ್ಕೆ ಕಾಯುತ್ತಿದ್ದೆ.

ಒಂದು ಶನಿವಾರ ತುಳುನಾಡಿನ ಭೂತಕೋಲದ ಸಿನಿಮಾ ಎಂದು ಗೊತ್ತಾಯಿತು. ಅಕ್ಕನಿಗೆ ನಾನೇ ಹೇಳಿದೆ. ಅವಳು ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟು, ಮಲ್ಲಿಗೆ ಮುಡಿದು ಬಸ್ಸು ಹತ್ತಿದಳು. ಧಣಿಯೂ ಹೆಂಡತಿಯನ್ನು, ಬೇರೆ ನಾಲ್ವರು ಹೋಟೆಲಿನವರನ್ನು ಕರೆದುಕೊಂಡು ಬಂದ.

"ದೈವಕ್ಕೂ ಇಲ್ಲಿ ಏಸಿ ಉಂಟು ಮಾರಾಯ, ಶೀತ ಆದೀತು!" ಎಂದು ನಗಾಡಿದ. ನಾನೂ ನಕ್ಕೆ.

ಗಡ್ಡದ ವಿದ್ವಾಂಸರೊಬ್ಬರು ಇಂಗ್ಲಿಷು ಹಿಂದಿ ಬೆರೆಸಿ ಮಾತಾಡಿದರು. ಈ ಸಿನಿಮಾ ಬಹಳ ವರ್ಷಗಳ ಹಿಂದೆ ತೆಗೆದದ್ದಂತೆ. ತೆಗೆದವರ ಹೆಸರು ಹೇಳಿದರು, ಕೋಲ ಕೊಟ್ಟ ಮನೆಯ ಹೆಸರು ಹೇಳಿದರು, ದೈವದ ಮೊಗವಾಡ ಯಾವ ಲೋಹದ್ದೆಂದು ಹೇಳಿದರು. "ಕಲಾವಿದನ ಹೆಸರು ಮಾತ್ರ ಗೊತ್ತಿಲ್ಲ," ಎಂದರು. ಎಷ್ಟು ಸಲೀಸಾಗಿ ಅಂದರು! ಅಷ್ಟು ದೂರ ಕ್ಯಾಮೆರಾ ಹೊತ್ತು ಹೋದವರು, ಅಂಗಳದಲ್ಲಿ ಕೂತ ಮನುಷ್ಯನನ್ನು ನಿನ್ನ ಹೆಸರೇನಪ್ಪ ಎಂದು ಕೇಳಲಿಲ್ಲ.

ದೀಪ ಆರಿತು. ಚಾಪೆಯ ಮೇಲೆ ಒಬ್ಬ ಮನುಷ್ಯ ಕೂತು, ಕೈಗನ್ನಡಿ ಹಿಡಿದು ಮುಖಕ್ಕೆ ಹಳದಿ ಬಳಿದುಕೊಳ್ಳುತ್ತಿದ್ದ. ಅರ್ಧ ಮುಖ ಇನ್ನೂ ಬರಿದಾಗಿತ್ತು. ಅಪ್ಪ. ಪಕ್ಕದಲ್ಲಿ ಎಲ್ಲೋ ಪಾಡ್ದನ, ದೈವದ ಕತೆಯ ಹಾಡು, ಹೇಳುತ್ತಿದ್ದ ಹೆಂಗಸು ಕಾಣಿಸಲಿಲ್ಲ, ದನಿ ಅಮ್ಮನದು. ಇಬ್ಬರೂ ಸತ್ತು ವರ್ಷಗಳಾಗಿದ್ದವು. ನಮ್ಮಲ್ಲಿ ಅವರದೊಂದು ಫೋಟೋ ಕೂಡ ಇರಲಿಲ್ಲ.

ಕತ್ತಲಲ್ಲಿ ಅಕ್ಕ ಎದ್ದು ನಿಂತಳು. "ನಮ್ಮ ಅಮ್ಮೆರ್!" ಎಂದು ತುಳುವಿನಲ್ಲಿ ಕೂಗಿದಳು, ನಮ್ಮ ಅಪ್ಪ ಎಂದು. ಹಿಂದಿನವರು "ಬೈಠೋ, ಬೈಠೋ" ಎಂದು ಗದರಿದರು. ಅವಳು ಕೂರಲಿಲ್ಲ. ಯಾರೋ ದೀಪ ಹಾಕಿದರು, ಸಿನಿಮಾ ನಿಂತಿತು.

ವಿದ್ವಾಂಸರು ಓಡಿ ಬಂದರು. "ನಿಮ್ಮ ತಂದೆಯಾ? ನಿಜವಾ? ಹೆಸರು ಹೇಳಿ ಬೆಹನ್‌ಜೀ, ಇಲ್ಲಿಯೇ ಬರೆದು ಹಾಕಿಸುತ್ತೇನೆ. ಈ ಚಿತ್ರದ್ದೇ ಒಂದು ಫೋಟೋ ಮಾಡಿಸಿ ಕೊಡುತ್ತೇನೆ," ಎಂದರು ಹಿಂದಿಯಲ್ಲಿ.

ಅಕ್ಕನ ಹಿಂದಿ ಅಷ್ಟಕ್ಕಷ್ಟೆ. ಗಾಬರಿಯಲ್ಲಿ ಅದೂ ಹೋಯಿತು. "ಮೇರಾ ಭಾಯ್ ಹೈ ನಾ, ಉಸ್ಕೋ ಪೂಛೋ," ಎಂದು ನನ್ನತ್ತ ಬೆರಳು ಮಾಡಿದಳು. ಅವಳ ಮುಖ ಅಷ್ಟು ಬೆಳಗಿದ್ದನ್ನು ನಾನು ಆಮೇಲೆಂದೂ ನೋಡಿಲ್ಲ.

ಧಣಿ ಕುರ್ಚಿಯಲ್ಲೇ ತಿರುಗಿದ. "ಎಂತದಾ ಅದು? ಭೂತ ಕಟ್ಟುವವ ನಿನ್ನ ಅಪ್ಪನಾ?"

"ಅಲ್ಲ ಧಣಿ," ಎಂದೆ. ಅಲ್ಲಿಗೇ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. "ಅಪ್ಪ ಹೋದ ಮೇಲೆ ಅಕ್ಕನಿಗೆ ತಲೆ ಸ್ವಲ್ಪ ಸರಿ ಇಲ್ಲ. ಯಾರನ್ನು ಕಂಡರೂ ಹೀಗೇ ಹೇಳುತ್ತಾಳೆ." ಅದನ್ನೇ ಹಿಂದಿಯಲ್ಲಿ ವಿದ್ವಾಂಸರಿಗೂ ಹೇಳಿದೆ.

"ಅರೆರೆ, ಬೇಚಾರಿ," ಎಂದರು ಅವರು. ಧಣಿಯ ಹೆಂಡತಿ ನೀರು ಕುಡಿಸಲು ಬಂದಳು. ಅಕ್ಕ ಲೋಟ ಮುಟ್ಟಲಿಲ್ಲ. ನನ್ನನ್ನೇ ನೋಡುತ್ತ ನಿಂತಳು. ದೀಪ ಮತ್ತೆ ಆರಿತು. ಅಪ್ಪನ ಉಳಿದರ್ಧ ಮುಖಕ್ಕೂ ಬಣ್ಣ ಬಂತು. ಧಣಿ ಪರದೆಗೆ ಕೈಮುಗಿದ. ನಾನು ಲೋಟಗಳನ್ನು ಜೋಡಿಸಿದೆ.

ಬಸ್ಸಿನಲ್ಲಿ ಅವಳು ಹೆಂಗಸರ ಸೀಟಿನಲ್ಲಿ ಕೂತಳು. ಖೋಲಿಯ ಬೀಗ ತೆಗೆಯುವಾಗ ಹೇಳಿದಳು: "ಕೆಲಸ ಹೋಗುತ್ತದೆ ಅಂತ ಹೆದರಿದೆ, ಅದು ನನಗೆ ಅರ್ಥ ಆಗ್ತದೆ. ಗೊತ್ತಿಲ್ಲ ಅಂತ ಹೇಳಬಹುದಿತ್ತು. ನನ್ನನ್ನು ಯಾಕೆ ಹುಚ್ಚಿ ಮಾಡಿದೆ ಮಾರಾಯಾ?"

ಮುಂದಿನ ಶನಿವಾರ ಅವಳೊಬ್ಬಳೇ ಅಲ್ಲಿಗೆ ಹೋದಳು. ವಿದ್ವಾಂಸರು ಸಿನಿಮಾದೊಂದಿಗೆ ತಮ್ಮೂರಿಗೆ ಮರಳಿದ್ದರು. ಉಳಿದವರು ಅವಳನ್ನು ಕುರ್ಚಿಯಲ್ಲಿ ಕೂರಿಸಿ, ಬಿಸ್ಕತ್ತು ಕೊಟ್ಟು, ಮಗುವಿಗೆ ಹೇಳುವ ಹಾಗೆ ಸಮಾಧಾನ ಹೇಳಿ ಕಳಿಸಿದರು. ಅವರದೇನು ತಪ್ಪು? ತಮ್ಮನೇ ಹೇಳಿದ್ದನಲ್ಲ.

ಮರುವರ್ಷ ಊರಿನಿಂದ ಬಂದ ಯಾರದೋ ಬಾಯಲ್ಲಿ ಧಣಿಗೆ ನನ್ನ ಜಾತಿ ತಿಳಿಯಿತು. ಅವನು ಕೂಗಾಡಲಿಲ್ಲ. "ನಾಳೆಯಿಂದ ನೀನು ಹೊರಗೆ ಪಾರ್ಸೆಲ್ ನೋಡಿಕೋ," ಎಂದ, ಅಷ್ಟೇ. ಅಕ್ಕನನ್ನು ಮಾರಿ ಉಳಿಸಿಕೊಂಡದ್ದು ಅಡುಗೆಮನೆಯ ಕೆಲವು ತಿಂಗಳು.

ಇದನ್ನು ಬರೆಯಲು ಕೂತಾಗ ಅಪ್ಪನ ಹೆಸರನ್ನು ಮೊದಲ ಸಾಲಿನಲ್ಲೇ ಇಡಬೇಕೆಂದಿದ್ದೆ. ಅಕ್ಕನನ್ನು ಕೇಳಿದೆ. ಈಗ ಅವಳಿಗೆ ತಲೆ ಪೂರ್ತಿ ನೆರೆತಿದೆ, ಮಂಡಿ ನೋವು. ಸಿಟ್ಟು ಮಾತ್ರ ಹಾಗೇ ಇದೆ.

"ಹಾಕಬೇಡ," ಎಂದಳು. "ಅಷ್ಟು ಜನ ಹೆಸರು ಕೇಳುತ್ತಾ ನಿಂತಿದ್ದರು. ಆಗ ಬಾಯಿ ಬಿಡದವನು ಈಗ ಪೇಪರಿನಲ್ಲಿ ಅಪ್ಪನ ಮಗ ಆಗುವುದು ಬೇಡ. ನೀನು ಮಾಡಿದ್ದನ್ನು ಬರಿ."

ಅದನ್ನೇ ಬರೆದಿದ್ದೇನೆ.